ಸೆಲ್ಫಿನ ಸಪ್ಪಳ ಕೇಳಿ ರೋಗ ಹೇಳುವವರು

ಮಾನ್ವಿ ತಾಲ್ಲೂಕಿನ ಚೀಕಲಪರ್ವಿ ಎಂದರೆ ದಾಸಸಾಹಿತ್ಯ ಬಲ್ಲವರಿಗೆ ವಿಜಯದಾಸರ ಊರು. ತುಂಗಭದ್ರೆಯ ದಡದ ಈ ಹಳ್ಳಿಯಲ್ಲಿ ಕಾರ್ತಿಕ ಶುದ್ಧ ದಶಮಿಗೆ ದಾಸರ ಆರಾಧನೆ. ಅದರ ಬೆನ್ನಿಗೇ ಈ ಸೀಮೆಯಲ್ಲಿ ಭತ್ತದ ಸುಗ್ಗಿ ಶುರುವಾಗುತ್ತದೆ. ಹೊಲದ ಬದಿಯಲ್ಲಿ ಚೀಲ ಏರಿಸಿಕೊಂಡ ಲಾರಿಗಳು ಮಾನ್ವಿ, ರಾಯಚೂರಿನ ರೈಸ್ ಮಿಲ್ಲುಗಳತ್ತ ಹೊರಡುತ್ತವೆ. ದೂರದ ಓಟಕ್ಕೆ ಹೊಸ ಗಾಡಿ ಹೋದರೆ, ಹೊಲದಿಂದ ಮಿಲ್ಲಿನವರೆಗಿನ ದುಡಿಮೆಗೆ ಉಳಿಯುವುದು ಹಳೆಯ ಟಾಟಾ, ಲೇಲ್ಯಾಂಡ್ ಲಾರಿಗಳು ಮತ್ತು ಟಾಟಾದ ಚಿಕ್ಕ 407ಗಳು. ತುಂಬಿ ನಿಲ್ಲಿಸಿದ ಗಾಡಿ ಬೆಳಗ್ಗೆ ಮಿಸುಕದೇ ಹೋದರೆ ಡ್ರೈವರನಿಗೆ ನೆನಪಾಗುವುದು ಪೇಟೆಯ ವೈರಿಂಗ್ ಮಿಸ್ತ್ರಿ.

“ಗಾಡಿ ಚಾಲೂ ಆಗವಲ್ದು ಅಣ್ಣಾ.”

“ಸೆಲ್ಫ್ ಹೊಡಿ. ಫೋನ್ ಅಲ್ಲೇ ಹಿಡಿ, ಸಪ್ಪಳ ಕೇಳ್ತೀನಿ.”

ಈ ಕೇಳಿಸಿಕೊಳ್ಳುವುದರಲ್ಲೇ ಅರ್ಧ ವಿದ್ಯೆ ಇದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಗಾಳಿಯನ್ನು ಒತ್ತಿ ಕಾಯಿಸಿ, ಆ ಕಾವಿನಲ್ಲೇ ಎಣ್ಣೆ ಹೊತ್ತಿಸುವ ಯಂತ್ರ ಅದು. ಹಳೆಯ ಲಾರಿಯಲ್ಲಿ ಚಾಲೂ ಆಗುವ ಹೊತ್ತಿಗೆ ಕರೆಂಟಿನ ದೊಡ್ಡ ಕೆಲಸ ಒಂದೇ: ಎಂಜಿನ್ನನ್ನು ಜೋರಾಗಿ ತಿರುಗಿಸಿ ಕೊಡುವುದು. ಹಾಗೆ ತಿರುಗಿಸುವ ಮೋಟಾರೇ ಸೆಲ್ಫ್. ಆದ್ದರಿಂದ ಸೆಲ್ಫ್ ಗರಗರನೆ ತಿರುಗಿಸಿಯೂ ಎಂಜಿನ್ ಹಿಡಿಯದಿದ್ದರೆ ಮಿಸ್ತ್ರಿ ತನ್ನ ಚೀಲ ತೆರೆಯುವುದೇ ಇಲ್ಲ. ಡೀಸೆಲ್ ಪೈಪಿನಲ್ಲಿ ಗಾಳಿ ಹೊಕ್ಕಿದೆಯೇ, ಫಿಲ್ಟರ್ ಕಟ್ಟಿದೆಯೇ, ಎಂಜಿನ್ ಆರಿಸುವ ಸ್ಟಾಪ್ ಕೇಬಲ್ ಎಳೆದಲ್ಲೇ ಸಿಕ್ಕಿದೆಯೇ ನೋಡು ಎನ್ನುತ್ತಾನೆ. ಕಟಕಟಕಟ ಎಂದು ಒಂದೇ ಸಮ ಬಡಿದುಕೊಂಡರೆ ಸೆಲ್ಫಿಗೆ ಕರೆಂಟು ಬಿಡುವ ಸೊಲೆನಾಯ್ಡ್ ಎಳೆದುಕೊಳ್ಳುತ್ತಿದೆ, ವೋಲ್ಟೇಜ್ ಕುಸಿದು ಕೈಬಿಡುತ್ತಿದೆ, ಮತ್ತೆ ಎಳೆಯುತ್ತಿದೆ ಎಂದರ್ಥ. ಬ್ಯಾಟರಿ ಕೂತಿರಬೇಕು, ಇಲ್ಲವೇ ಟರ್ಮಿನಲ್ ಸಡಿಲಾಗಿರಬೇಕು. ಒಮ್ಮೆ ಟಕ್ ಎಂದು ಸುಮ್ಮನಾದರೆ ಸೊಲೆನಾಯ್ಡಿನ ಒಳಗಿನ ಪಾಯಿಂಟು ಸುಟ್ಟಿರಬಹುದು, ಸೆಲ್ಫಿನ ಕಾರ್ಬನ್ ಸವೆದಿರಬಹುದು. ಸೆಲ್ಫ್ ತಾನೊಂದೇ ಗುಂಯ್ ಎಂದು ತಿರುಗಿ ಎಂಜಿನ್ ಅಲುಗದಿದ್ದರೆ ಅವೆರಡನ್ನೂ ಕೂಡಿಸುವ ಬೆಂಡಿಕ್ಸ್ ಜಾರುತ್ತಿದೆ.

ಎಲ್ಲ ಡ್ರೈವರುಗಳೂ ಹೇಳುವ ಒಂದು ಮಾತಿದೆ: “ಹಾರನ್ ಹೊಡೀತದ, ಲೈಟ್ ಬರ್ತದ, ಬ್ಯಾಟರಿ ಚಲೋ ಐತಿ.” ಮೋಸ ಇರುವುದು ಇಲ್ಲೇ. ಹೆಡ್‌ಲೈಟಿನ ಒಂದು ಬಲ್ಬಿಗೆ ಬೇಕಾದದ್ದು ಮೂರೋ ನಾಲ್ಕೋ ಆಂಪಿಯರ್. ಲಾರಿಯ ಸೆಲ್ಫ್ ಎಳೆಯುವುದು ನೂರಾರು ಆಂಪಿಯರ್. ಟರ್ಮಿನಲ್ಲಿಗೆ ಹಿಡಿದ ಬಿಳಿ-ಹಸಿರು ಬೂಷ್ಟು ಒಂದು ಓಮ್‌ನ ನೂರನೇ ಒಂದು ಪಾಲಿನಷ್ಟು ಅಡ್ಡಿ ಒಡ್ಡಿದರೂ ಬಲ್ಬಿಗೆ ಅದು ಲೆಕ್ಕಕ್ಕಿಲ್ಲ. ಆದರೆ 300 ಆಂಪಿಯರ್ ಹರಿಯುವಾಗ ಅದೇ ಜಾಗದಲ್ಲಿ 3 ವೋಲ್ಟ್ ನುಂಗಿಹೋಗುತ್ತದೆ. ಲೈಟು ಝಗಝಗ ಉರಿಯುತ್ತದೆ, ಸೆಲ್ಫ್ ನರಳುತ್ತದೆ.

ಬಲ್ಲ ಮಿಸ್ತ್ರಿ ಇದನ್ನು ಹಿಡಿಯುವ ಬಗೆ ನೋಡುವಂಥದ್ದು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಸೀಸದ ಗೂಟಕ್ಕೇ ಒತ್ತುತ್ತಾನೆ, ಮೇಲಿನ ಕ್ಲ್ಯಾಂಪಿಗಲ್ಲ. ಇನ್ನೊಂದನ್ನು ಸೆಲ್ಫಿನ ದಪ್ಪ ಬೋಲ್ಟಿಗೆ ಹಿಡಿದು, ಹುಡುಗನಿಗೆ ಚಾವಿ ತಿರುಗಿಸಲು ಹೇಳುತ್ತಾನೆ. ಮುಳ್ಳು ಅಲುಗಿದಷ್ಟೂ ದಾರಿಯಲ್ಲಿ ವೋಲ್ಟ್ ಕಳೆದಿದೆ. ಅರ್ಧ ವೋಲ್ಟಿನ ಆಸುಪಾಸಿನಲ್ಲಿದ್ದರೆ ಬಿಡುತ್ತಾನೆ. ಹೆಚ್ಚಾದರೆ ಕಡ್ಡಿಯನ್ನು ಒಂದೊಂದೇ ಜೋಡಣೆ ಹಿಂದಕ್ಕೆ ತರುತ್ತಾನೆ. ಆಮೇಲೆ ಅರ್ಥಿಂಗಿನ ಕಡೆ ಇದೇ ಪರೀಕ್ಷೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗಿನ ಮೇಲೆ, ಹಾಗಾಗಿ ಎಂಜಿನ್ನಿಂದ ಚಾಸಿಗೆ ಒಂದು ಅರ್ಥ್ ಪಟ್ಟಿ ಇರಲೇಬೇಕು. ಅದು ತುಕ್ಕು ಹಿಡಿದರೆ ಕರೆಂಟು ಬೇರೆ ದಾರಿ ಹುಡುಕುತ್ತದೆ, ಆಕ್ಸಿಲರೇಟರ್ ಕೇಬಲ್ಲು ಮುಟ್ಟಲಾಗದಷ್ಟು ಕಾಯುವುದೂ ಉಂಟು. ಮೀಟರ್ ಇಲ್ಲದ ಹಿರಿಯರು ಸೆಲ್ಫ್ ಹೊಡೆಸಿದ ಕೂಡಲೇ ಜೋಡಣೆಗಳ ಮೇಲೆ ಕೈಯಾಡಿಸುತ್ತಾರೆ. ಬಿಸಿ ಎಲ್ಲಿದೆಯೋ ರೋಗ ಅಲ್ಲಿದೆ.

ದೊಡ್ಡ ಲಾರಿಗಳ ಬಹುಪಾಲು 24 ವೋಲ್ಟಿನವು. 12 ವೋಲ್ಟಿನ ಎರಡು ಬ್ಯಾಟರಿ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತಿನಂತೆ, ಒಂದು ಕುಂಟಿದರೆ ಇನ್ನೊಂದೂ ಕೆಡುತ್ತದೆ. ಡ್ರೈವರುಗಳು ಹಾಡಿನ ಡೆಕ್ಕಿಗೆಂದು ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದುಕೊಂಡಾಗ ಆಗುವುದೂ ಇದೇ: ಒಂದು ಸದಾ ಹಸಿದಿರುತ್ತದೆ, ಇನ್ನೊಂದು ಅತಿಯಾಗಿ ಚಾರ್ಜ್ ಆಗಿ ನೀರು ಕುದಿಸಿಕೊಳ್ಳುತ್ತದೆ. ಡೆಕ್ಕಿಗೆ ಕನ್ವರ್ಟರ್ ಹಾಕಿಸುವುದೇ ಸರಿ. ರಾಯಚೂರಿನ ಬಿಸಿಲು ಬೇರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಾವಿಗೆ ಬ್ಯಾಟರಿಯ ನೀರು ಬೇಗ ಆರುತ್ತದೆ. ಭತ್ತದ ಲಾರಿಗೆ ಇನ್ನೊಂದು ಕಾಟ ಇಲಿಯದು. ಕಾಳಿನ ವಾಸನೆಗೆ ಬಂದದ್ದು ವೈರು ಕಡಿದು ಹೋಗುತ್ತದೆ.

ಈ ಕಸುಬಿನ ಬೇರು ಹಳೆಯದು. ಡೀಸೆಲ್ ಪಂಪು, ಪ್ಲಗ್ಗು ಮಾಡುತ್ತಿದ್ದ ಬೆಂಗಳೂರಿನ ಮೈಕೋ ಹುಟ್ಟಿದ್ದು 1951ರಲ್ಲಿ. ಸೆಲ್ಫ್, ಆಲ್ಟರ್ನೇಟರ್ ಮಾಡುವ ಲುಕಾಸ್ ಟಿವಿಎಸ್ ಚೆನ್ನೈಯಲ್ಲಿ 1961ರಲ್ಲಿ. ಆ ಸಾಮಾನುಗಳನ್ನು ಬಿಚ್ಚಿ ಕಟ್ಟುತ್ತಲೇ ನಮ್ಮ ಪೇಟೆಗಳ ಮಿಸ್ತ್ರಿಗಳು ಕಲಿತರು. ಹಳೆಯ ಕಲಿಕೆಯೆಲ್ಲ ಇಂದಿಗೆ ಸಲ್ಲುವುದಿಲ್ಲ. ಗಾಡಿ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಿತ್ತು ಚಾರ್ಜಿಂಗ್ ನೋಡುವುದು ಡೈನಮೋ ಕಾಲದ ರೂಢಿ. ಆಲ್ಟರ್ನೇಟರಿಗೆ ಹಾಗೆ ಮಾಡಿದರೆ ಒಳಗಿನ ಡಯೋಡು ಸುಟ್ಟುಹೋಗಬಹುದು. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಮೀಟರ್ ಇಟ್ಟು 28 ವೋಲ್ಟಿನ ಆಸುಪಾಸು ಬಂದರೆ ಸಾಕು, 12 ವೋಲ್ಟಿನ ಗಾಡಿಗೆ 14. ಸ್ಕ್ರೂಡ್ರೈವರಿನಿಂದ ಸೆಲ್ಫ್ ಶಾರ್ಟ್ ಮಾಡುವವರು ಗಾಡಿ ನ್ಯೂಟ್ರಲ್‌ನಲ್ಲಿದೆಯೇ ಎಂದು ತಾವೇ ಹತ್ತಿ ನೋಡಬೇಕು. ಗೇರಿನಲ್ಲಿದ್ದರೆ ಲಾರಿ ಎದುರಿಗಿದ್ದವರ ಮೇಲೆ ನುಗ್ಗುತ್ತದೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೊಮ್ಮುವ ಹೈಡ್ರೋಜನ್ ಸಿಡಿಯಲು ಒಂದು ಬೀಡಿಯ ಕಿಡಿ ಸಾಕು.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಲಾರಿಗಳ ತೊಂದರೆ ಹುಡುಕಲು ಸ್ಕ್ಯಾನರ್ ಬೇಕೇ ಬೇಕು. ಸರ್ಕಾರಿ ಐಟಿಐಗಳ ಡೀಸೆಲ್ ಮೆಕ್ಯಾನಿಕ್ ಹುಡುಗರು ಅದನ್ನು ಕಲಿಯಲಿ. ಆದರೆ ವೋಲ್ಟ್ ಎಲ್ಲಿ ಕಳೆಯಿತೆಂದು ಹೆಜ್ಜೆಹೆಜ್ಜೆಗೆ ಹುಡುಕುವ ಬುದ್ಧಿ ಹಳೆಯ ಗಾಡಿಗೂ ಹೊಸ ಗಾಡಿಗೂ ಬೇಕು, ಅದನ್ನು ಕಲಿಸಬಲ್ಲವರು ಈ ಮಿಸ್ತ್ರಿಗಳ ಶೆಡ್ಡುಗಳಲ್ಲಿದ್ದಾರೆ. ಅವರ ಕಷ್ಟ ಬೇರೆಯೇ. ಹೊಸ ಸೆಲ್ಫ್ ಕೂರಿಸಿದರೆ ಮಾಲೀಕ ಮರುಮಾತಿಲ್ಲದೆ ಬಿಲ್ ಕೊಡುತ್ತಾನೆ; ಗಂಟೆಗಟ್ಟಲೆ ಹುಡುಕಿ ಒಂದು ಅರ್ಥ್ ಪಟ್ಟಿ ಉಜ್ಜಿ ಗಾಡಿ ಎಬ್ಬಿಸಿದರೆ “ಇಷ್ಟಕ್ಕ ಏನ್ ರೊಕ್ಕ?” ಎನ್ನುತ್ತಾನೆ. ಹೀಗಾದರೆ ಹುಡುಕುವವರು ಕಡಿಮೆಯಾಗಿ ಬದಲಿಸುವವರೇ ಉಳಿಯುತ್ತಾರೆ. ಲಾರಿ ಇಟ್ಟವರು ಬ್ಯಾಟರಿಯನ್ನೋ ಸೆಲ್ಫನ್ನೋ ಹೊಸದಾಗಿ ಕೊಳ್ಳುವ ಮೊದಲು ಮೀಟರ್ ಹಿಡಿಸಿ ನೋಡಿ. ಹುಡುಕಿಕೊಟ್ಟವನಿಗೆ ಹುಡುಕಿದ ಕೂಲಿಯನ್ನು ಪೂರ್ತಿ ಕೊಡಿ.