ಜಾರುವ ಸ್ಟ್ಯಾಂಡು, ಜಾರದ ಶ್ರುತಿ

ರಾತ್ರಿ ಒಂಬತ್ತರ ಸುಮಾರು. ಗಣೇಶೋತ್ಸವದ ಪೆಂಡಾಲಿನ ಮುಂದೆ ಹಾಕಿದ ಕುರ್ಚಿಗಳೆಲ್ಲ ತುಂಬಿ, ಜನ ಎದುರು ಮನೆಗಳ ಜಗಲಿಯವರೆಗೂ ನಿಂತಿದ್ದಾರೆ. ವಾದ್ಯವೃಂದದ ಗಾಯಕಿಗೆ ಇದು ಸತತವಾಗಿ ಮೂರನೆಯ ರಾತ್ರಿಯ ಕಾರ್ಯಕ್ರಮ. ಗಂಟಲು ಆಗಲೇ ದಣಿದಿದೆ. ಮುಂದಿನ ಹಾಡು ತಾರಸ್ಥಾಯಿಗೆ ಏರುವುದೆಂಬುದು ಆಕೆಗೆ ಗೊತ್ತು. ಮೈಕನ್ನು ದೂರ ಹಿಡಿದು, ಕೀಬೋರ್ಡು ವಾದಕನ ಕಡೆಗೆ ಬಾಗಿ ಮೆಲ್ಲನೆ ಹೇಳುತ್ತಾಳೆ: "ಅಣ್ಣಾ, ಇದಕ್ಕೆ ಅರ್ಧ ಸ್ವರ ಇಳಿಸಿಬಿಡಿ."

ಆಕೆ ಕೇಳಿದ್ದು ದೊಡ್ಡ ಉಪಕಾರವೇನೂ ಅಲ್ಲ. ಗಿಟಾರ್ ವಾದಕರು ಕೈ ಜರುಗಿಸಿಕೊಂಡರೆ ಆಯಿತು. ವಿದ್ಯುನ್ಮಾನ ಕೀಬೋರ್ಡಿನಲ್ಲಂತೂ ಒಂದು ಗುಂಡಿಯನ್ನು ಒಮ್ಮೆ ಒತ್ತಿದರೆ ಇಡೀ ವಾದ್ಯದ ಶ್ರುತಿಯೇ ಇಳಿಯುತ್ತದೆ. ಆದರೆ ವಾದಕನ ಮುಂದಿರುವುದು ಒಂದು ವಾದ್ಯವಲ್ಲ, ಎರಡು. ಅವೂ ಒಂದರ ಮೇಲೊಂದು. ಮೇಲಿನದರ ಗುಂಡಿ ಕಣ್ಣೆದುರಿಗಿದೆ; ಒತ್ತಿದ್ದಾಯಿತು. ಕೆಳಗಿನದರ ಗುಂಡಿ ಮೇಲಿನ ವಾದ್ಯದ ಹೊಟ್ಟೆಯಡಿ ಕತ್ತಲಲ್ಲಿ ಅಡಗಿದೆ. ಬೆರಳು ತಡಕಾಡುತ್ತದೆ. ಅಷ್ಟರಲ್ಲಿ ಡ್ರಮ್ ವಾದಕ ಕೋಲು ತಟ್ಟಿ ನಾಲ್ಕು ಎಣಿಸಿಯಾಗಿದೆ. ಒಮ್ಮೆ ಒತ್ತಬೇಕಾದ ಗುಂಡಿ ಎರಡು ಬಾರಿ ಒತ್ತಿಹೋಗಿದೆ. ಎಡಗೈ ಒಂದು ಶ್ರುತಿಯಲ್ಲಿ, ಬಲಗೈ ಮತ್ತೊಂದರಲ್ಲಿ! ಮೊದಲ ಸಾಲಿನ ಮಕ್ಕಳು ಸಹ ಮುಖ ಸಿಂಡರಿಸುತ್ತಾರೆ.

ತಪ್ಪು ಯಾರದು? ಜನ ವಾದಕನನ್ನು ದೂರುವರು; ವಾದಕ ತನ್ನನ್ನೇ ಹಳಿದುಕೊಳ್ಳುವನು. ನಿಜವಾದ ಅಪರಾಧಿ ಮಾತ್ರ ಯಾರ ಕಣ್ಣಿಗೂ ಬೀಳದೆ ನಾಲ್ಕು ಕಾಲುಗಳ ಮೇಲೆ ನಿಂತಿರುತ್ತದೆ. ಅದು ವಾದ್ಯಗಳನ್ನು ಹೊತ್ತಿರುವ ಸ್ಟ್ಯಾಂಡು.

ಎರಡು ಸಾಲು ಏತಕ್ಕೆ?

ಒಂದೇ ಕೀಬೋರ್ಡಿನಲ್ಲಿ ನೂರಾರು ನಾದಗಳಿರುವಾಗ ಎರಡರ ಹಂಗೇಕೆ ಎಂದು ಕೇಳಬಹುದು. ಚಿತ್ರಗೀತೆಯೊಂದರಲ್ಲಿ ಪಿಯಾನೊ ನುಡಿಯುತ್ತಿರುವಂತೆಯೇ ಕೊಳಲಿನ ಎಳೆಯೊಂದು ಬಂದು ಹೋಗಬೇಕು. ಮರುಕ್ಷಣ ಪಿಟೀಲುಗಳ ಸಮೂಹ ಏಳಬೇಕು. ಒಂದೇ ವಾದ್ಯವನ್ನು ಎರಡು ಭಾಗ ಮಾಡಿ ನುಡಿಸಬಹುದಾದರೂ ಎರಡು ಕೈಗಳಿಗೂ ಜಾಗ ಕಿರಿದಾಗುತ್ತದೆ. ಸ್ಪರ್ಶದ ಪ್ರಶ್ನೆಯೂ ಇದೆ. ಪಿಯಾನೊದ ಕೀಲಿ ಸುತ್ತಿಗೆಯ ಭಾರವನ್ನು ಬೆರಳಿಗೆ ತಿಳಿಸಬೇಕು. ಆರ್ಗನ್ ಅಥವಾ ಕೊಳಲಿನ ನಾದಕ್ಕೆ ಗರಿಯಷ್ಟು ಹಗುರವಾದ ಕೀಲಿ ಬೇಕು. ಈ ಎರಡು ಗುಣಗಳು ಒಂದೇ ಕೀಲಿಯಲ್ಲಿ ಸೇರಲಾರವು. ಆದ್ದರಿಂದ ಕೆಳಗೆ ೮೮ ಕೀಲಿಗಳ ಭಾರವಾದ ಪಿಯಾನೊ, ಮೇಲೆ ೬೧ ಕೀಲಿಗಳ ಹಗುರವಾದ ಸಿಂಥಸೈಜರ್ ಎಂಬುದು ಹೆಚ್ಚಿನ ವಾದಕರು ಕಂಡುಕೊಂಡ ಜೋಡಿ.

ಮುನ್ನೂರು ವರ್ಷಗಳ ಹಿಂದಿನ ಜಾಣ್ಮೆ

ಕೀಲಿಗಳ ಸಾಲನ್ನು ಅಂತಸ್ತಾಗಿ ಕಟ್ಟುವುದು ಹೊಸ ವಿದ್ಯೆಯಲ್ಲ. ಯೂರೋಪಿನ ಹಾರ್ಪ್ಸಿಕಾರ್ಡ್ ಎಂಬ ತಂತಿವಾದ್ಯಕ್ಕೆ ೧೭ನೆಯ ಶತಮಾನದಲ್ಲಿಯೇ ಎರಡು ಸಾಲುಗಳಿದ್ದವು. ಬಾಖ್ ಮಹಾಶಯನ 'ಗೋಲ್ಡ್‌ಬರ್ಗ್ ವೇರಿಯೇಷನ್ಸ್' ೧೭೪೧ರಲ್ಲಿ ಅಚ್ಚಾದಾಗ, ಅದು ಎರಡು ಸಾಲುಗಳ ಹಾರ್ಪ್ಸಿಕಾರ್ಡಿಗಾಗಿ ರಚಿಸಿದ್ದೆಂದು ಮುಖಪುಟದಲ್ಲಿಯೇ ತಿಳಿಸಲಾಗಿತ್ತು. ಒಂದು ಕೈ ಇನ್ನೊಂದನ್ನು ದಾಟಿ ಓಡುವ ಆ ಕೃತಿಯ ಭಾಗಗಳನ್ನು ಒಂದೇ ಸಾಲಿನಲ್ಲಿ ನುಡಿಸಲು ಹೊರಟವರ ಬೆರಳುಗಳು ಈಗಲೂ ತೊಡರಿಕೊಳ್ಳುತ್ತವೆ.

ಸೋಜಿಗವೆಂದರೆ, ಆ ಕಾಲದ ಕುಶಲಕರ್ಮಿಗಳು ಸಾಲುಗಳನ್ನು ಜಾರಿಸುವುದನ್ನೂ ಬಲ್ಲವರಾಗಿದ್ದರು. ಅನೇಕ ಹಾರ್ಪ್ಸಿಕಾರ್ಡುಗಳಲ್ಲಿ ಒಂದು ಸಾಲನ್ನು ಕೈಯಿಂದ ತುಸು ಒಳಕ್ಕೆ ತಳ್ಳಿದರೆ ಎರಡೂ ಸಾಲುಗಳು ಕೂಡಿಕೊಂಡು ಒಟ್ಟಿಗೆ ನುಡಿಯುತ್ತಿದ್ದವು, ಎಳೆದರೆ ಬೇರೆಯಾಗುತ್ತಿದ್ದವು. ಫ್ರೆಂಚರು ಈ ಏರ್ಪಾಟನ್ನು ಮೇಜಿನ ಖಾನೆಗೆ ಹೋಲಿಸಿಯೇ ಹೆಸರಿಸಿದರು. ಹಾರ್ಮೋನಿಯಂ ಕಂಡವರಿಗೂ ಇದು ತೀರ ಅಪರಿಚಿತವಲ್ಲ. 'ಸ್ಕೇಲ್ ಚೇಂಜರ್' ಹಾರ್ಮೋನಿಯಂನಲ್ಲಿ ಕೀಲಿಗಳ ಇಡೀ ಸಾಲನ್ನು ಪಕ್ಕಕ್ಕೆ ಸರಿಸಿ, ಹಾಡುವವರ ಶ್ರುತಿಗೆ ಹೊಂದಿಸಿಕೊಳ್ಳುತ್ತಾರೆ.

ಅಮೆರಿಕದ ಲಾರೆನ್ಸ್ ಹ್ಯಾಮಂಡ್ ೧೯೩೫ರಲ್ಲಿ ಮಾರಾಟಕ್ಕೆ ತಂದ ವಿದ್ಯುತ್ ಆರ್ಗನ್ನಿನಲ್ಲೂ ಎರಡು ಸಾಲುಗಳು. ಅದರ ಪ್ರಸಿದ್ಧ ಬಿ-೩ ಮಾದರಿ ಪೀಠ, ಕಾಲ್ಕೀಲಿಗಳೊಂದಿಗೆ ಸುಮಾರು ೧೯೦ ಕಿಲೋ ತೂಗುತ್ತಿತ್ತು. ಊರೂರು ಸುತ್ತುವ ವಾದಕರು ಅದನ್ನು ಸಾಗಿಸಲು ನಾಲ್ಕು ಆಳುಗಳನ್ನು ಹುಡುಕುತ್ತಿದ್ದರು. ಕೆಲವರು ಗರಗಸ ಹಿಡಿದು ಅದರ ಮರದ ಮೈಯನ್ನೇ ಕೊಯ್ಯಿಸಿದ್ದೂ ಉಂಟು. ಆದರೂ ಅದರಲ್ಲಿ ಒಂದು ಸುಖವಿತ್ತು. ಎರಡು ಸಾಲುಗಳೂ ಒಂದೇ ಒಡಲಿನೊಳಗೆ ಹುಟ್ಟಿದವಾದ್ದರಿಂದ, ನಾದವನ್ನು ಹದಗೊಳಿಸುವ ಎಳೆಪಟ್ಟಿಗಳನ್ನು ಮೇಲಿನ ಸಾಲಿಗಿಂತಲೂ ಮೇಲೆ, ಕಣ್ಣಿಗೆ ಕಾಣುವಲ್ಲಿ ಇರಿಸಿದ್ದರು. ಸಾಲುಗಳ ನಡುವಿನ ಎತ್ತರ ಆರೇಳು ಸೆಂಟಿಮೀಟರು ಮಾತ್ರ.

೧೯೭೦ರಲ್ಲಿ ಮಿನಿಮೂಗ್ ಎಂಬ ಪುಟ್ಟ ಸಿಂಥಸೈಜರ್ ಬಂತು. ವಾದಕರು ಅದನ್ನು ವಿದ್ಯುತ್ ಪಿಯಾನೊದ ಬೆನ್ನ ಮೇಲೆ ಏರಿಸಿ ನುಡಿಸತೊಡಗಿದರು. ೧೯೮೩ರಲ್ಲಿ 'ಮಿಡಿ' ಎಂಬ ಸಂಪರ್ಕವಿಧಾನ ಬಂದ ಮೇಲೆ ಒಂದು ವಾದ್ಯದ ಕೀಲಿಯಿಂದಲೇ ಇನ್ನೊಂದನ್ನು ನುಡಿಸುವುದು ಸಾಧ್ಯವಾಯಿತಾದರೂ, ಎರಡು ಕೈಗಳ ಎರಡು ಬಗೆಯ ಸ್ಪರ್ಶದಾಸೆ ತೀರಲಿಲ್ಲ. ಹೀಗೆ ಎರಡು ಬೇರೆ ಕಾರ್ಖಾನೆಗಳಲ್ಲಿ, ಪರಸ್ಪರ ಪರಿಚಯವಿಲ್ಲದೆ ಹುಟ್ಟಿದ ವಾದ್ಯಗಳು ಒಂದೇ ಸ್ಟ್ಯಾಂಡಿನ ಮೇಲೆ ಸಂಸಾರ ಹೂಡಿದವು. ತೊಡಕು ಮೊದಲಾದದ್ದು ಅಲ್ಲಿಯೇ.

ಹತ್ತಿರವೋ, ದೂರವೋ?

ಒಂದು ಅಳತೆ ಪಟ್ಟಿ ಹಿಡಿದು ನೋಡಿದರೆ ತೊಡಕಿನ ಮೂಲ ತಿಳಿಯುತ್ತದೆ. ಬಿಳಿಯ ಕೀಲಿಯ ಉದ್ದ ಸುಮಾರು ೧೫ ಸೆಂಟಿಮೀಟರು. ಅದರ ಹಿಂದೆ ಗುಂಡಿಗಳ ಫಲಕಕ್ಕೆ ಇನ್ನೊಂದು ೧೫ರಿಂದ ೧೮ ಸೆಂಟಿಮೀಟರು. ಮೇಲಿನ ವಾದ್ಯ ಕೈಗೆ ಹತ್ತಿರವಾಗಬೇಕಾದರೆ ಅದು ಈ ಫಲಕದ ಮೇಲೆಯೇ ಚಾಚಿ ನಿಲ್ಲಬೇಕು. ಆಗ ಗುಂಡಿಗಳು ಮರೆಯಾಗುತ್ತವೆ. ಗುಂಡಿಗಳು ಕಾಣಲೆಂದು ಹಿಂದಕ್ಕೆ ಇಟ್ಟರೆ ತೋಳನ್ನು ಚಾಚಿ ನುಡಿಸಬೇಕು. ಮೂರು ಗಂಟೆಗಳ ಕಾರ್ಯಕ್ರಮದಲ್ಲಿ ಹಾಗೆ ಚಾಚಿದ ತೋಳಿನ ದಣಿವು ಮೊದಲು ಭುಜಕ್ಕೆ, ಆಮೇಲೆ ಬೆನ್ನಿಗೆ ಇಳಿಯುತ್ತದೆ. ಎತ್ತರಿಸಿ ಇಡೋಣವೆಂದರೆ ಮಣಿಕಟ್ಟು ಮುರಿದಂತೆ ಬಾಗುತ್ತದೆ.

ಅಂಗಡಿಯಲ್ಲಿ ದೊರೆಯುವ, ಕತ್ತರಿಯಂತೆ ಮಡಿಸುವ ಸ್ಟ್ಯಾಂಡು ಹಗುರ, ಅಗ್ಗ. ಆದರೆ ಅದರ ಮೇಲಂತಸ್ತಿನ ತೋಳುಗಳು ಒಮ್ಮೆ ಬಿಗಿದಲ್ಲಿಯೇ ನಿಲ್ಲತಕ್ಕವು; ನಡುವಿನ ಕೀಲು ಸಡಿಲವಾದರೆ ಜೋರಾಗಿ ನುಡಿಸಿದಾಗಲೆಲ್ಲ ತೊಟ್ಟಿಲಿನಂತೆ ತೂಗುತ್ತವೆ. ಕುಳಿತು ನುಡಿಸುವವನ ಮೊಣಕಾಲಿಗೆ ಅಡ್ಡ ಕಾಲುಗಳ ಪೆಟ್ಟು ಬೇರೆ. ಹೀಗಿರುವಲ್ಲಿ ಉಳಿದ ಉಪಾಯ ಒಂದೇ. ನುಡಿಸುವಾಗ ಹತ್ತಿರ ಬರುವ, ಗುಂಡಿ ಮುಟ್ಟುವಾಗ ಹಿಂದೆ ಸರಿಯುವ ಮೇಲಂತಸ್ತನ್ನು ಮಾಡಿಸಿಕೊಳ್ಳುವುದು.

ಬಡಗಿಯ ಮನೆಯ ವಿದ್ಯೆ

ಇದಕ್ಕೆ ದೊಡ್ಡ ಕಾರ್ಖಾನೆ ಬೇಕಿಲ್ಲ. ಅಡುಗೆಮನೆಯ ಖಾನೆಗಳನ್ನು ಮಾಡುವ ಬಡಗಿಗೆ ಮುಖ್ಯ ಸಾಮಗ್ರಿ ಪರಿಚಿತವೇ. ಉಕ್ಕಿನ ಗುಂಡುಗಳ ಮೇಲೆ ಓಡುವ ಟೆಲಿಸ್ಕೋಪಿಕ್ ಚಾನೆಲ್ ಎಂಬ ಜೋಡಿ ಪಟ್ಟಿಗಳು ಹಾರ್ಡ್‌ವೇರ್ ಅಂಗಡಿಯಲ್ಲಿ ಅಂಗುಲದ ಲೆಕ್ಕದಲ್ಲಿ ಸಿಗುತ್ತವೆ. ಈ ಕೆಲಸಕ್ಕೆ ೧೪ ಅಂಗುಲದವು ಸಾಕು. ತಾನಾಗಿಯೇ ಮೆಲ್ಲನೆ ಮುಚ್ಚಿಕೊಳ್ಳುವ ಬಗೆಯದನ್ನು ಮಾತ್ರ ಕೊಳ್ಳಬಾರದು; ಅಡುಗೆಮನೆಯಲ್ಲಿ ಹಿತವೆನಿಸುವ ಆ ಗುಣ ವೇದಿಕೆಯ ಮೇಲೆ ವಾದ್ಯವನ್ನು ಹೇಳದೆ ಕೇಳದೆ ಎಳೆದೊಯ್ಯುತ್ತದೆ.

ಮೊದಲಿಗೆ ಕೆಳಗಿನ ಚೌಕಟ್ಟು. ೮೮ ಕೀಲಿಗಳ ಸಾಲಿನ ಉದ್ದವೇ ಸುಮಾರು ೧೨೨ ಸೆಂಟಿಮೀಟರು. ಪಿಯಾನೊದ ಕೀಲಿಗಳು ನೆಲದಿಂದ ಸುಮಾರು ೭೩ ಸೆಂಟಿಮೀಟರು ಎತ್ತರದಲ್ಲಿರುವುದು ರೂಢಿ. ಕುಳಿತು ನುಡಿಸುವವನು ಅದನ್ನೇ ಅನುಸರಿಸಬಹುದು. ನಿಂತು ನುಡಿಸುವವನಿಗೆ ಅವನ ಮೊಣಕೈಯೇ ಅಳತೆಗೋಲು. ಕಾಲುಗಳಿಗೆ ಅಲ್ಯುಮಿನಿಯಂ ಚೌಕ ಕೊಳವೆ, ವಾದ್ಯವನ್ನು ಹೊರುವ ಹಲಗೆಗೆ ೧೮ ಮಿಲಿಮೀಟರು ದಪ್ಪದ ಒಳ್ಳೆಯ ಪ್ಲೈವುಡ್. ಎರಡು ಪಕ್ಕದ ಕಾಲುಗಳ ನಡುವೆ ಹಿಂಬದಿಯಲ್ಲಿ ಓರೆಯಾಗಿ ಒಂದು ಪಟ್ಟಿ ಬಿಗಿದರೆ ಅಡ್ಡಾದಿಡ್ಡಿ ಅಲುಗಾಟ ನಿಲ್ಲುತ್ತದೆ. ಮೊಣಕಾಲಿಗೂ ಜಾಗ ಉಳಿಯುತ್ತದೆ.

ಮೇಲಂತಸ್ತಿನಲ್ಲಿ ಮೂರು ಎಚ್ಚರಿಕೆಗಳು ಅಗತ್ಯ. ಒಂದು, ಚಾನೆಲ್‌ಗಳನ್ನು ಖಾನೆಯ ಪಕ್ಕಕ್ಕೆ ಜೋಡಿಸುವಂತೆ ನಿಲ್ಲಿಸಿಯೇ ಜೋಡಿಸಬೇಕು. ತಟ್ಟೆಯಡಿ ಮಲಗಿಸಿ ಜೋಡಿಸಿದರೆ, ಪೊಟ್ಟಣದ ಮೇಲೆ ಬರೆದ ಭಾರದಲ್ಲಿ ಸ್ವಲ್ಪ ಭಾಗವನ್ನು ಮಾತ್ರ ಅವು ಹೊರಬಲ್ಲವು. ಎರಡು, ತಟ್ಟೆ ಅಗಲವಾಗಿದ್ದು ಚಾನೆಲ್ ಗಿಡ್ಡವಾಗಿದ್ದರೆ, ಒಂದು ತುದಿಯಲ್ಲಿ ತಳ್ಳಿದಾಗ ಅದು ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಹಳೆಯ ಬೀರುವಿನ ಅಗಲವಾದ ಖಾನೆಯನ್ನು ಒಂದೇ ಹಿಡಿಯಿಂದ ಎಳೆದವರಿಗೆಲ್ಲ ಇದರ ಅನುಭವವುಂಟು. ಆದ್ದರಿಂದ ಚಾನೆಲ್‌ಗಳನ್ನು ತಟ್ಟೆಯ ತುದಿಗಳಿಗೆ ಒಯ್ಯದೆ ೬೦ ಸೆಂಟಿಮೀಟರು ಅಂತರದೊಳಗೆ ಇಟ್ಟು, ಅವೆರಡನ್ನೂ ಗಟ್ಟಿಯಾದ ಅಡ್ಡಪಟ್ಟಿಯಿಂದ ಬೆಸೆದು, ಹಿಡಿಯನ್ನು ನಟ್ಟನಡುವೆ ಇಡಬೇಕು. ಮೂರು, ಬೀಗ. ಸ್ಪ್ರಿಂಗ್ ಇರುವ ಒಂದೇ ಅಗುಳಿ ಮುಂದಿನ ನಿಲುಗಡೆಯಲ್ಲೂ ಹಿಂದಿನದರಲ್ಲೂ ತಾನಾಗಿಯೇ ರಂಧ್ರಕ್ಕೆ ಬೀಳುವಂತಿರಬೇಕು. ಬಿಡಿಸಲು ಎಡಗೈಯ ಒಂದು ಬೆರಳು ಸಾಕಾಗಬೇಕು.

ಗುಂಡುಗಳ ಗಲಗಲ ಸದ್ದು ಕೇಳಿಸದಂತೆ, ತಟ್ಟೆ ಬಂದು ನಿಲ್ಲುವಲ್ಲಿ ದಪ್ಪನೆಯ ಉಣ್ಣೆಯ ತುಂಡುಗಳನ್ನು ಅಂಟಿಸುವುದು ಒಳಿತು. ಮೇಲಿನ ವಾದ್ಯದ ತಂತಿಗಳನ್ನು ಬಿಗಿಯಾಗಿ ಎಳೆದು ಕಟ್ಟಬಾರದು. ಜಾರುವ ದೂರಕ್ಕಿಂತ ಹೆಚ್ಚು ಉದ್ದದ ಒಂದು ಸುತ್ತನ್ನು ಸಡಿಲವಾಗಿ ಬಿಟ್ಟು, ಚೌಕಟ್ಟಿಗೆ ಒಂದು ಕಡೆ, ತಟ್ಟೆಗೆ ಇನ್ನೊಂದು ಕಡೆ ಕಟ್ಟಬೇಕು. ಇದನ್ನು ಮರೆತರೆ, ಹಿಂದಕ್ಕೆ ತಳ್ಳಿದ ಗಳಿಗೆಯಲ್ಲಿಯೇ ತಂತಿ ಕಿತ್ತು ವಾದ್ಯ ಮೂಕವಾದೀತು.

ಉರುಳುವ ಭಯ

ಭಾರ ಹಿಂದಕ್ಕೆ ಜಾರಿದರೆ ಇಡೀ ಸ್ಟ್ಯಾಂಡೇ ಮಗುಚೀತೆ? ಲೆಕ್ಕ ಕಠಿಣವಲ್ಲ. ಕೆಳಗಿನ ವಾದ್ಯ ೧೮ ಕಿಲೋ, ಮೇಲಿನದು ೭, ಸ್ಟ್ಯಾಂಡು ೧೨ ಎಂದಿಟ್ಟುಕೊಂಡರೆ ಒಟ್ಟು ೩೭ ಕಿಲೋ. ಮೇಲಿನ ೭ ಕಿಲೋ ೧೮ ಸೆಂಟಿಮೀಟರು ಹಿಂದೆ ಸರಿದಾಗ, ಇಡೀ ಭಾರದ ಕೇಂದ್ರ ಸರಿಯುವುದು ಮೂರೂವರೆ ಸೆಂಟಿಮೀಟರಿಗೂ ಕಡಿಮೆ. ಪಾದಗಳು ಹಿಂದೆಮುಂದೆ ೫೦ ಸೆಂಟಿಮೀಟರು ಹರಡಿ, ಭಾರ ಅವುಗಳ ನಡುಭಾಗದಲ್ಲಿ ಬಿದ್ದಿದ್ದರೆ ಭಯವಿಲ್ಲ. ಆದರೆ ಕೆಳಗಿನ ವಾದ್ಯವನ್ನು ಮೊದಲೇ ತೆಗೆದುಬಿಟ್ಟರೆ? ಆಗ ಅದೇ ಕೇಂದ್ರ ಹೆಚ್ಚುಕಡಮೆ ಇಮ್ಮಡಿ ದೂರ ಸರಿಯುತ್ತದೆ. ಕಾರ್ಯಕ್ರಮ ಮುಗಿದು, ನಿದ್ದೆಗಣ್ಣಿನಲ್ಲಿ ಸಾಮಾನು ಕಟ್ಟುವ ಹೊತ್ತಿನಲ್ಲಿಯೇ ಇಂಥ ಅವಘಡಕ್ಕೆ ಅವಕಾಶ ಹೆಚ್ಚು. ಏರಿಸುವಾಗ ಕೆಳಗಿನದು ಮೊದಲು, ಇಳಿಸುವಾಗ ಮೇಲಿನದು ಮೊದಲು ಎಂಬ ನಿಯಮವನ್ನು ತಟ್ಟೆಯ ಮೇಲೆಯೇ ಬರೆದಿಡುವುದು ಲೇಸು. ಕಂತಿನಲ್ಲಿ ಕೊಂಡ ವಾದ್ಯ ಒಮ್ಮೆ ಬಿದ್ದರೆ, ತಿಂಗಳುಗಟ್ಟಲೆಯ ಸಂಪಾದನೆಯೂ ಅದರೊಂದಿಗೆ ಬಿದ್ದಂತೆಯೇ.

ಸಾಗಣೆಯ ಮಾತೂ ಉಂಟು. ಯಾವ ಭಾಗವೂ ಪಿಯಾನೊಗಿಂತ ಉದ್ದವಿರಬಾರದು. ಪಿಯಾನೊ ಹಿಡಿಯುವ ವಾಹನದಲ್ಲಿ ಅದೂ ಹಿಡಿಯಬೇಕು. ಯಾವ ಭಾಗವೂ ಒಂದು ಕೈಯಲ್ಲಿ ಎತ್ತಲಾಗದಷ್ಟು ಭಾರವಿರಬಾರದು. ಬಿಗಿಯಲು ಪಾನಾ ಬೇಡದ, ಬೆರಳಿನಿಂದ ತಿರುಗಿಸುವ ರೆಕ್ಕೆ ನಟ್ಟುಗಳನ್ನೇ ಬಳಸಬೇಕು. ಒಂದೆರಡು ಹೆಚ್ಚಿನ ನಟ್ಟುಗಳನ್ನು ಚೌಕಟ್ಟಿಗೇ ಅಂಟಿಸಿಟ್ಟರೆ ಊರ ಹೊರಗಿನ ಮೈದಾನದಲ್ಲಿ ಪೇಚಾಟ ತಪ್ಪುತ್ತದೆ. ವಾದ್ಯವನ್ನು ಏರಿಸುವ ಮುನ್ನ ಅಷ್ಟೇ ತೂಕದ ಅಕ್ಕಿಯ ಚೀಲ ಹೇರಿ, ನೂರು ಸಲ ತಳ್ಳಿ ಎಳೆದು ನೋಡಿದ ಮೇಲೆಯೇ ಸ್ಟ್ಯಾಂಡನ್ನು ನಂಬತಕ್ಕದ್ದು.

ಇಷ್ಟು ಶ್ರಮದ ಫಲ ಕಾಣಿಸುವುದು ಎರಡೇ ಕ್ಷಣಗಳಲ್ಲಿ. ಅದೇ ಪೆಂಡಾಲು, ಅದೇ ದಣಿದ ಗಂಟಲು, "ಅಣ್ಣಾ, ಅರ್ಧ ಸ್ವರ ಇಳಿಸಿಬಿಡಿ" ಎಂಬ ಅದೇ ಪಿಸುಮಾತು. ವಾದಕನ ಎಡಗೈ ಅಗುಳಿಯನ್ನು ಎತ್ತಿ ಮೇಲಂತಸ್ತನ್ನು ಹಿಂದಕ್ಕೆ ತಳ್ಳುತ್ತದೆ. ವೇದಿಕೆಯ ಬೆಳಕು ಕೆಳಗಿನ ಫಲಕದ ಮೇಲೆ ಬೀಳುತ್ತದೆ. ಗುಂಡಿಯನ್ನು ಒಮ್ಮೆ, ಒಮ್ಮೆ ಮಾತ್ರ ಒತ್ತಿ, ತಟ್ಟೆಯನ್ನು ಎಳೆದುಕೊಂಡರೆ 'ಟಕ್' ಎಂದು ಅಗುಳಿ ಬೀಳುತ್ತದೆ. ಡ್ರಮ್ ವಾದಕನ ಎಣಿಕೆ ಇನ್ನೂ ಮೂರಕ್ಕೆ ಬಂದಿರುತ್ತದೆಯಷ್ಟೆ. ಗಾಯಕಿ ನಿಶ್ಚಿಂತೆಯಿಂದ ಮೈಕನ್ನು ಬಾಯಿಗೆ ಹಿಡಿಯುತ್ತಾಳೆ.