ಕಳಚುವ ಮುನ್ನ ಅರಿಯಬೇಕು: ಹಳೆಯ ಮೋಟಾರ್ ಸೈಕಲ್ಲೂ ಕಾಯಕದ ವಿವೇಕವೂ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರ ಹೆಸರಿನ ಮುಂದೆ ಅವರವರ ಕಾಯಕವೇ ವಿಶೇಷಣವಾಗಿ ನಿಂತಿತು. ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ ಎಂಬ ನಾಮಗಳನ್ನು ಉಚ್ಚರಿಸಿದೊಡನೆ ದೋಣಿಯ ಹುಟ್ಟು, ಬಿದಿರಿನ ಸೀಳು, ಹುಲ್ಲಿನ ಹಗ್ಗ, ಬಟ್ಟೆಯ ಗಂಟು ನಮ್ಮ ಕಣ್ಣೆದುರು ಬರುತ್ತವೆ. ಕೈಯಿಂದ ಮಾಡುವ ಕೆಲಸವನ್ನು ಅರಿವಿನ ಸಾಧನವೆಂದು ಬಗೆದ ಪರಂಪರೆ ನಮ್ಮದು. ಹೀಗಿದ್ದರೂ ಇಂದು ನಮ್ಮ ಮನೆಗಳಲ್ಲಿ ತರುಣನೊಬ್ಬನು ಹಿತ್ತಲಿನಲ್ಲಿ ಕುಳಿತು, ಕೈಗೆಲ್ಲ ಎಣ್ಣೆ ಮೆತ್ತಿಕೊಂಡು, ಹಳೆಯ ಮೋಟಾರ್ ಸೈಕಲ್ಲನ್ನು ಬಿಚ್ಚತೊಡಗಿದರೆ ಹಿರಿಯರ ಮುಖ ಬಾಡುತ್ತದೆ.

‘ಕೆಫೆ ರೇಸರ್’ ಎಂಬ ಮಾತು ಈಚಿನ ವರ್ಷಗಳಲ್ಲಿ ನಮ್ಮ ಯುವಕರ ಬಾಯಲ್ಲಿ ಬಹಳವಾಗಿ ಕೇಳಿಬರುತ್ತಿದೆ. ಅಜ್ಜನ ಕಾಲದ ಜಾವಾವನ್ನೋ ಯೆಜ್ಡಿಯನ್ನೋ ಬುಲೆಟ್ಟನ್ನೋ ಕಳಚಿ, ಹ್ಯಾಂಡಲನ್ನು ತಗ್ಗಿಸಿ, ಸೀಟನ್ನು ಕಿರಿದುಗೊಳಿಸಿ, ಓಟದ ಪಂದ್ಯದ ಗಾಡಿಯ ರೂಪ ಕೊಡಬೇಕೆಂಬ ಹಂಬಲ ಅವರದು. ಅಪ್ಪನಿಗೆ ಅದು ಹಣ ಕಳೆಯುವ ಹುಚ್ಚು. ಅಜ್ಜನಿಗೆ ತನ್ನ ಯೌವನದ ಸಂಗಾತಿಯ ಅಂಗಚ್ಛೇದ. ಮೊಮ್ಮಗನಿಗೆ ಅದೊಂದು ಕಲೆ. ಮೂವರ ಮಾತಿನಲ್ಲಿಯೂ ಸತ್ಯಾಂಶವಿದೆ. ಮಠದ ಪಾಠಶಾಲೆಯಲ್ಲಿ ಶಾಸ್ತ್ರ ಓದಿದವರಿಗೆ ಯಂತ್ರದ ಗೊಡವೆ ಏಕೆಂದು ಕೆಲವರು ಕೇಳಬಹುದು. ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆ ಶಾಸ್ತ್ರಕ್ಕೂ ಯಂತ್ರಕ್ಕೂ ಸಮಾನವಾದುದು ಎಂಬುದೇ ನಮ್ಮ ಉತ್ತರ.

ಲಂಡನ್ನಿನ ರಸ್ತೆಬದಿಯ ಉಪಾಹಾರಗೃಹ

ಈ ಹಂಬಲದ ಮೂಲ ಇಂಗ್ಲೆಂಡಿನಲ್ಲಿದೆ. ಲಂಡನ್ ನಗರದ ಉತ್ತರ ವರ್ತುಲ ರಸ್ತೆಯ ಬದಿಯಲ್ಲಿ 1938ರಲ್ಲಿ ‘ಏಸ್ ಕೆಫೆ’ ಎಂಬ ಉಪಾಹಾರಗೃಹವು ಲಾರಿ ಚಾಲಕರಿಗಾಗಿ ಆರಂಭವಾಯಿತು. ಎರಡನೆಯ ಮಹಾಯುದ್ಧದ ಬಾಂಬು ದಾಳಿಯಲ್ಲಿ ಹಾನಿಗೊಂಡ ಅದನ್ನು 1949ರಲ್ಲಿ ಮತ್ತೆ ಕಟ್ಟಲಾಯಿತು. ಹಗಲಿರುಳು ತೆರೆದಿರುತ್ತಿದ್ದ ಆ ಸ್ಥಳಕ್ಕೆ ಐವತ್ತರ ದಶಕದಲ್ಲಿ ಕಾರ್ಖಾನೆಗಳ ಕೂಲಿಕಾರ ತರುಣರು ಮೋಟಾರ್ ಸೈಕಲ್ಲುಗಳನ್ನೇರಿ ಬರತೊಡಗಿದರು. ಚಹ ಕುಡಿದು, ಹಾಡಿನ ಪೆಟ್ಟಿಗೆಗೆ ನಾಣ್ಯ ಹಾಕಿ, ಹಾಡು ಮುಗಿಯುವುದರೊಳಗೆ ಗೊತ್ತಾದ ತಾಣವನ್ನು ಮುಟ್ಟಿ ಹಿಂತಿರುಗಬೇಕೆಂಬ ಪಂತ ಅವರಲ್ಲಿ ನಡೆಯುತ್ತಿತ್ತೆಂಬ ಐತಿಹ್ಯವಿದೆ. ಗಂಟೆಗೆ ನೂರು ಮೈಲಿ, ಅಂದರೆ ಸುಮಾರು 160 ಕಿಲೋಮೀಟರು ವೇಗವನ್ನು ಮುಟ್ಟುವುದೇ ಅವರ ಪಾಲಿನ ಪುರುಷಾರ್ಥವಾಗಿತ್ತು. ಆ ದೇಶದಲ್ಲಿ ಊರ ಹೊರಗಿನ ರಸ್ತೆಗಳಿಗೆ 1965ರ ಡಿಸೆಂಬರಿನವರೆಗೆ ಸಾಮಾನ್ಯ ವೇಗಮಿತಿಯೇ ಇರಲಿಲ್ಲ. ಶಿರಸ್ತ್ರಾಣ ಕಡ್ಡಾಯವಾದದ್ದು 1973ರಲ್ಲಿ. ಈ ಪಂತಕ್ಕೆ ಬಲಿಯಾದ ಎಳೆಯ ಜೀವಗಳೂ ಇದ್ದವು. ಪತ್ರಿಕೆಗಳು ಅವರನ್ನು ಪುಂಡರೆಂದು ಬರೆದವು, ಸಭ್ಯ ಸಮಾಜ ದೂರವಿಟ್ಟಿತು.

ಆ ತರುಣರಲ್ಲಿ ಹೊಸ ಪಂದ್ಯದ ಗಾಡಿ ಕೊಳ್ಳುವ ಹಣವಿರಲಿಲ್ಲ. ಇದ್ದ ಗಾಡಿಯನ್ನೇ ಮನೆಯ ಶೆಡ್ಡಿನಲ್ಲಿ ಬಿಚ್ಚಿ, ಬೇಡದುದನ್ನು ತೆಗೆದು, ಬೇಕಾದುದನ್ನು ಕೂಡಿಸಿದರು. ಅವರ ಕೈಯಿಂದ ಹುಟ್ಟಿದ ಪ್ರಸಿದ್ಧ ಯಂತ್ರವೆಂದರೆ ‘ಟ್ರೈಟನ್’. ಟ್ರಯಂಫ್ ಕಂಪನಿಯ ಎಂಜಿನ್ನು, ನಾರ್ಟನ್ ಕಂಪನಿಯ ಚಾಸಿ ಎರಡನ್ನೂ ಬೆಸೆದುದರಿಂದ ಆ ಹೆಸರು. ಬೆಲ್‌ಫಾಸ್ಟ್ ನಗರದ ರೆಕ್ಸ್ ಮೆಕ್‌ಕ್ಯಾಂಡ್ಲೆಸ್ ಎಂಬುವರು ರೂಪಿಸಿದ ನಾರ್ಟನ್ ಚಾಸಿ 1950ರಲ್ಲಿ ಪಂದ್ಯದ ಕಣಕ್ಕಿಳಿಯಿತು. ಗರಿಗಳ ಹಾಸಿಗೆಯ ಮೇಲೆ ಕುಳಿತಂತಿದೆಯೆಂದು ಪಂದ್ಯಪಟುವೊಬ್ಬರು ಹೊಗಳಿದ್ದರಿಂದ ಅದಕ್ಕೆ ‘ಫೆದರ್‌ಬೆಡ್’ ಎಂಬ ಹೆಸರು ನಿಂತಿತು. ತಿರುವಿನಲ್ಲಿ ಅದರಷ್ಟು ಸ್ಥಿರವಾದ ಚಾಸಿ ಆಗ ಬೇರೆಯಿರಲಿಲ್ಲವೆಂದು ಬಲ್ಲವರು ಹೇಳುತ್ತಿದ್ದರು. ಇಂಥ ಚಾಸಿಗಳು ಗುಜರಿಗೆ ಬಂದ ಬಗೆಯೂ ಸ್ವಾರಸ್ಯಕರ. ಪುಟ್ಟ ಪಂದ್ಯದ ಕಾರುಗಳನ್ನು ಕಟ್ಟುವವರಿಗೆ ನಾರ್ಟನ್ನಿನ 500 ಸಿಸಿ ಎಂಜಿನ್ನು ಬೇಕಾಗಿತ್ತು. ಕಂಪನಿ ಬರಿಯ ಎಂಜಿನ್ನನ್ನು ಮಾರುತ್ತಿರಲಿಲ್ಲ. ಅವರು ಇಡಿಯ ಮೋಟಾರ್ ಸೈಕಲ್ಲನ್ನೇ ಕೊಂಡು, ಎಂಜಿನ್ನು ತೆಗೆದುಕೊಂಡು, ಚಾಸಿಯನ್ನು ಮಾರಿಬಿಡುತ್ತಿದ್ದರು. ಒಬ್ಬರು ಬಿಟ್ಟದ್ದು ಇನ್ನೊಬ್ಬರಿಗೆ ಮೂಲಧನವಾಯಿತು. ಹೀಗೆ ಶೆಡ್ಡಿನಲ್ಲಿ ಹುಟ್ಟಿದ ವಿದ್ಯೆ ಹಗುರವಾದುದೇನಲ್ಲ: 1965ರ ಬಾರ್ಸಿಲೋನಾ 24 ಗಂಟೆಗಳ ಪಂದ್ಯವನ್ನು ಡೇವ್ ಡೇಗೆನ್ಸ್ ಅವರು ತಮ್ಮ ಜೊತೆಗಾರನೊಂದಿಗೆ ಟ್ರೈಟನ್ ಮೇಲೆಯೇ ಗೆದ್ದರು.

ಬೈಯದೆ ಬಳಿಗೆ ಹೋದ ಪಾದ್ರಿ

ಈ ಇತಿಹಾಸದಲ್ಲಿ ನಮ್ಮ ಮನಸ್ಸನ್ನು ವಿಶೇಷವಾಗಿ ಸೆಳೆದ ವ್ಯಕ್ತಿ ಒಬ್ಬ ಧರ್ಮಗುರು. ಪೂರ್ವ ಲಂಡನ್ನಿನ ಹ್ಯಾಕ್ನಿ ವಿಕ್ ಎಂಬಲ್ಲಿ ಚರ್ಚಿನ ಆಶ್ರಯದಲ್ಲಿ 1959ರಲ್ಲಿ ‘59 ಕ್ಲಬ್’ ಎಂಬ ತರುಣರ ಸಂಘ ಆರಂಭವಾಗಿತ್ತು. ಅಲ್ಲಿನ ಪಾದ್ರಿ ಬಿಲ್ ಶೆರ್ಗೋಲ್ಡ್ ಸ್ವತಃ ಮೋಟಾರ್ ಸೈಕಲ್ ಸವಾರರು. ಚರ್ಚಿನ ನೆರಳಿಗೂ ಬಾರದ ಆ ತರುಣರನ್ನು ಪ್ರಾರ್ಥನೆಗೆ ಕರೆಯಬೇಕೆಂದು ಅವರು ಏಸ್ ಕೆಫೆಗೆ ಹೊರಟರು. ಮೊದಲ ಸಲ ಧೈರ್ಯ ಸಾಲದೆ ನಿಲ್ಲದೆಯೇ ಮುಂದೆ ಹೋದರು. ಮತ್ತೊಮ್ಮೆ ಪಾದ್ರಿಯ ಕೊರಳಪಟ್ಟಿ ಕಾಣದಂತೆ ವಸ್ತ್ರ ಸುತ್ತಿಕೊಂಡು ಒಳಗೆ ಕಾಲಿಟ್ಟರು. ಬೈಗುಳವನ್ನು ನಿರೀಕ್ಷಿಸಿದ್ದವರಿಗೆ ದೊರೆತದ್ದು ಆದರ. 1962ರಲ್ಲಿ ಸವಾರರಿಗಾಗಿಯೇ ವಿಶೇಷ ಪ್ರಾರ್ಥನೆ ನಡೆಯಿತು. ಸಂಘದಲ್ಲಿ ಮೋಟಾರ್ ಸೈಕಲ್ ವಿಭಾಗ ಹುಟ್ಟಿತು. ಸದಸ್ಯರ ಸಂಖ್ಯೆ ಸಾವಿರ ಸಾವಿರವಾಗಿ ಬೆಳೆಯಿತು. ಪಂತದ ಹಾದಿಯ ತರುಣರಿಗೆ ಕೂಡಿ ಕುಳಿತುಕೊಳ್ಳಲು, ಕಷ್ಟ ಸುಖ ಹೇಳಿಕೊಳ್ಳಲು ಒಂದು ನೆಲೆ ದೊರೆಯಿತು. ಏಸ್ ಕೆಫೆ 1969ರಲ್ಲಿ ಮುಚ್ಚಿತು, 2001ರಲ್ಲಿ ಪೂರ್ಣವಾಗಿ ಪುನರಾರಂಭಗೊಂಡಿತು. ಶೆರ್ಗೋಲ್ಡ್ ಅವರು 2009ರಲ್ಲಿ ತೀರಿಕೊಂಡರು. ತರುಣರ ಆಸಕ್ತಿ ಇರುವಲ್ಲಿಗೆ ಹಿರಿಯರು ತಾವೇ ನಡೆದುಹೋಗಬೇಕೆಂಬ ಪಾಠ ಅವರ ಬಾಳಿನಲ್ಲಿದೆ.

ಒಂದನ್ನು ಸರಿಸಿದರೆ

ಇನ್ನು ಆ ರೂಪಾಂತರದ ಮರ್ಮವನ್ನು ನೋಡೋಣ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅದನ್ನು ಗೆಲ್ಲಲು ಬೇಕಾದ ಎಂಜಿನ್ನಿನ ಶಕ್ತಿ ಎಂಟು ಪಟ್ಟು. ಆದ್ದರಿಂದ ಸವಾರನು ಮೈ ಬಾಗಿಸಿ ಗಾಳಿಗೆ ಎದೆಗೊಡದಿರುವುದು ಎಂಜಿನ್ನಿನ ಬಲ ಹೆಚ್ಚಿಸಿದಂತೆಯೇ ಸರಿ. ಮುಂಗಾಲಿಗೆ ಬಿಗಿದ ತಗ್ಗು ಹ್ಯಾಂಡಲು, ನೀಳವಾದ ಟ್ಯಾಂಕು, ಹಿಂದೆ ಗೂನುಳ್ಳ ಒಂಟಿ ಸೀಟು ಇವೆಲ್ಲಕ್ಕೂ ಇದೇ ಕಾರಣ. ಅಲಂಕಾರದಂತೆ ಕಾಣುವ ಪ್ರತಿಯೊಂದರ ಹಿಂದೆಯೂ ಒಂದು ಪ್ರಯೋಜನವಿತ್ತು.

ಆದರೆ ಯಂತ್ರದ ಅಂಗಗಳು ಒಂದಕ್ಕೊಂದು ಕಟ್ಟುಬಿದ್ದಿವೆ. ಹ್ಯಾಂಡಲನ್ನು ತಗ್ಗಿಸಿದರೆ ಮೈಭಾರ ಮಣಿಕಟ್ಟಿನ ಮೇಲೆ ಬೀಳುತ್ತದೆ. ಅದನ್ನು ತೂಗಿಸಲು ಪಾದಗಳನ್ನಿಡುವ ಕಡ್ಡಿಗಳನ್ನು ಹಿಂದಕ್ಕೆ ಸರಿಸಬೇಕು. ಅವು ಹಿಂದೆ ಹೋದರೆ ಬ್ರೇಕಿನ ಕಾಲೊತ್ತುಗೆಯೂ ಗೇರಿನ ಲಿವರೂ ಹಿಂದೆ ಹೋಗಬೇಕು. ಕೇಬಲ್ಲುಗಳ ಉದ್ದ ಬದಲಾಗಬೇಕು. ಹ್ಯಾಂಡಲನ್ನು ಪೂರ್ತಿ ತಿರುಗಿಸಿದಾಗ ಟ್ಯಾಂಕಿಗೆ ಬಡಿಯದಂತೆ ನೋಡಬೇಕು. ಅಂದಗೆಟ್ಟಿದೆಯೆಂದು ಮುಂದಿನ ಮಡ್‌ಗಾರ್ಡನ್ನು ಕಿತ್ತೊಗೆದರೆ, ಕೆಲವು ಹಳೆಯ ಗಾಡಿಗಳಲ್ಲಿ ಅದರ ಕಬ್ಬಿಣದ ಕಟ್ಟೇ ಮುಂಗಾಲುಗಳೆರಡೂ ತಿರುಚದಂತೆ ಹಿಡಿದಿತ್ತೆಂಬುದು ತಿರುವಿನಲ್ಲಿ ಗೊತ್ತಾಗುತ್ತದೆ. ಗಾಳಿ ಸೋಸುವ ಪೆಟ್ಟಿಗೆಯನ್ನು ತೆಗೆದರೆ ಪೆಟ್ರೋಲಿಗಿಂತ ಗಾಳಿ ಮಿಗಿಲಾಗಿ ಎಂಜಿನ್ನು ಕಾಯುತ್ತದೆ. ಕಾರ್ಬುರೇಟರಿನ ಜೆಟ್ಟನ್ನು ಹಿರಿದುಮಾಡದೆ ಗತಿಯಿಲ್ಲ. ಸೀಟಿನ ಹಿಂಭಾಗವೆಂದು ಚಾಸಿಯ ಕೊಳವೆಯನ್ನು ಹಿಂದಿನ ಶಾಕ್ ಅಬ್ಸಾರ್ಬರಿನ ಹಿಡಿಕೆಗೆ ಹತ್ತಿರವಾಗಿ ಕತ್ತರಿಸಿದರೆ ಗಾಡಿಯ ಬೆನ್ನೆಲುಬೇ ದುರ್ಬಲವಾಗುತ್ತದೆ.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ತಾಯಿ ಹೇಳಿದ ವೃತ್ತಾಂತ ನಮ್ಮೆಲ್ಲರಿಗೂ ತಿಳಿದದ್ದು. ಹೆಚ್ಚಾದುದೆಷ್ಟೆಂದು ಆ ತಾಯಿ ಹೇಳಬಲ್ಲವರಾದದ್ದು ಬೇಕಾದುದೆಷ್ಟೆಂದು ಅರಿತಿದ್ದರಿಂದ. ಮೊದಲು ಪ್ರತಿಯೊಂದು ಅಂಗದ ಕೆಲಸವನ್ನು ತಿಳಿಯಬೇಕು. ಬಳಿಕ ಬಿಡುವ ಮಾತು.

ಮೈಸೂರಿನ ಗಾಡಿಯ ವಿಚಾರ

ಈ ವಿವೇಕ ನಮಗೆ ಹೆಚ್ಚಾಗಿ ಬೇಕಾಗಿರುವುದು ನಮ್ಮ ನಾಡಿನಲ್ಲಿಯೇ ಹುಟ್ಟಿದ ಗಾಡಿಗಳ ವಿಷಯದಲ್ಲಿ. ಇರಾನಿ ಮನೆತನದವರು ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಸಹಯೋಗದೊಡನೆ ಮೈಸೂರಿನ ಯಾದವಗಿರಿಯಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. ಎಪ್ಪತ್ತರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಹೊಸ ಗಾಡಿಗಳ ಮೇಲೆ ಮರಳಿ ಬಂದರೂ ಅವು ಬೇರೆಯೇ ಯಂತ್ರಗಳು. ಮೈಸೂರಿನ ಕಾರ್ಮಿಕರ ಕೈಯಲ್ಲಿ ರೂಪುಗೊಂಡ ಆ ಗಾಡಿಗಳು ಇನ್ನೆಂದೂ ಹೊಸದಾಗಿ ಹುಟ್ಟಲಾರವು.

ಕೆಫೆ ರೇಸರ್ ರೂಪಕ್ಕೆ ಆ ಗಾಡಿಯ ಜಾಯಮಾನವೂ ಸುಲಭವಾಗಿ ಒಗ್ಗುವುದಿಲ್ಲ. ಅದರಲ್ಲಿ ಗೇರು ಹಾಕುವ ಲಿವರೇ ಕಿಕ್ ಹೊಡೆಯುವ ಲಿವರೂ ಹೌದು. ಪಾದಗಳ ಕಡ್ಡಿಯನ್ನು ಹಿಂದಕ್ಕೆ ಸರಿಸಬೇಕೆಂದರೆ ಈ ಜೋಡಿ ಏರ್ಪಾಟೇ ಅಡ್ಡಬರುತ್ತದೆ. ಅದರ ಎಂಜಿನ್ನು ಟೂ ಸ್ಟ್ರೋಕ್ ಜಾತಿಯದು. ಒಂದೇ ಸಿಲಿಂಡರಿನಿಂದ ಹೊರಡುವ ಎರಡು ಸೈಲೆನ್ಸರುಗಳು ಬರಿಯ ಸದ್ದಡಗಿಸುವ ಕೊಳವೆಗಳಲ್ಲ. ಹೊಗೆಯ ಅಲೆ ಹಿಂದಿರುಗುವ ಹೊತ್ತನ್ನು ಅವುಗಳ ಉದ್ದ ಮತ್ತು ಆಕಾರ ನಿರ್ಧರಿಸುತ್ತವೆ. ಗುಡುಗಿನಂಥ ಸದ್ದಿಗಾಗಿ ಅವನ್ನು ಕತ್ತರಿಸಿದವನಿಗೆ ಸದ್ದು ದೊರೆಯುತ್ತದೆ, ಎಳೆಯುವ ಬಲ ಕುಗ್ಗುತ್ತದೆ. ಕ್ರ್ಯಾಂಕಿನ ಬದಿಯ ಆಯಿಲ್ ಸೀಲುಗಳು ಸವೆದಿದ್ದರೆ ಎಂಜಿನ್ನು ಅಲ್ಲಿಂದಲೂ ಗಾಳಿ ಹೀರಿ ಪಿಸ್ಟನ್ನು ಕಚ್ಚಿ ನಿಲ್ಲುತ್ತದೆ. ಹಳೆಯ ಗಾಡಿಗೆ ಕೈಹಚ್ಚುವವನು ಬಣ್ಣಕ್ಕಿಂತ ಮುಂಚೆ ಸೀಲು, ಬೇರಿಂಗು, ಬ್ರೇಕಿನ ಷೂ, ಚಕ್ರದ ಕಡ್ಡಿಗಳನ್ನು ನೋಡಬೇಕೆಂದು ಅನುಭವಿ ಮೇಸ್ತ್ರಿಗಳು ಹೇಳುವುದು ಇದಕ್ಕಾಗಿಯೇ.

ಕಾನೂನು ಹೇಳುವುದೇನು

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ನಿನ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೆ ಎರಡೂ ಉಂಟು. ಎಂಜಿನ್ನು, ಚಾಸಿಗಳ ಗೊಡವೆಗೆ ಹೋಗುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಅನಿವಾರ್ಯ.

ಇದರ ಜೊತೆಗೆ 2021ರಲ್ಲಿ ಕೇಂದ್ರ ಸರ್ಕಾರವು ಪುರಾತನ ವಾಹನಗಳಿಗಾಗಿ ಪ್ರತ್ಯೇಕ ನಿಯಮ ತಂದಿದೆ. ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿದ, ಮೂಲ ರೂಪದಲ್ಲಿಯೇ ಉಳಿದಿರುವ ವಾಹನಗಳಿಗೆ ‘ವಿಎ’ ಅಕ್ಷರಗಳುಳ್ಳ ವಿಶೇಷ ನೋಂದಣಿ ದೊರೆಯುತ್ತದೆ. ಇದರ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಇಂಥ ವಾಹನವನ್ನು ಪ್ರದರ್ಶನ, ಮೆರವಣಿಗೆ ಮೊದಲಾದ ಸಂದರ್ಭಗಳಲ್ಲಿ ಓಡಿಸಬಹುದು, ನಿತ್ಯದ ಓಡಾಟಕ್ಕಲ್ಲ. ಚಾಸಿಯಲ್ಲಾಗಲಿ ಎಂಜಿನ್ನಿನಲ್ಲಾಗಲಿ ಗಣನೀಯ ಮಾರ್ಪಾಡಾಗಿದ್ದರೆ ಈ ಮನ್ನಣೆ ಸಲ್ಲದು. ಅರವತ್ತರ ದಶಕದಲ್ಲಿ ಅಜ್ಜ ಕೊಂಡ ಜಾವಾ ಇಂದು ಈ ಅರ್ಹತೆಯನ್ನು ಪಡೆದಿದೆ. ಒಂದು ಮಧ್ಯಾಹ್ನದ ಗರಗಸದ ಕೆಲಸ ಅದನ್ನು ಶಾಶ್ವತವಾಗಿ ಕಳೆಯಬಲ್ಲದು.

ಮನೆಯವರಲ್ಲಿ ಅರಿಕೆ

ಆದ್ದರಿಂದ ತರುಣರಲ್ಲಿ ನಮ್ಮ ಸೂಚನೆ ಇಷ್ಟೆ. ಮೂಲ ರೂಪದಲ್ಲಿರುವ ಹಳೆಯ ಗಾಡಿ ಮನೆಯಲ್ಲಿದ್ದರೆ ಅದನ್ನು ಇದ್ದ ಹಾಗೆಯೇ ಜೀರ್ಣೋದ್ಧಾರ ಮಾಡಿರಿ. ಬಿಚ್ಚುವಾಗ ಪ್ರತಿಯೊಂದು ಭಾಗದ ಚಿತ್ರ ತೆಗೆದು, ನಟ್ಟು ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಹೆಸರು ಬರೆದಿಡಿರಿ. ಕೆಫೆ ರೇಸರ್ ರೂಪದ ಹಂಬಲ ತೀರದಿದ್ದರೆ ಕಾರ್ಖಾನೆಯೇ ಆ ರೂಪದಲ್ಲಿ ತಯಾರಿಸಿದ ಗಾಡಿಗಳುಂಟು. ರಾಯಲ್ ಎನ್‌ಫೀಲ್ಡ್ ಕಂಪನಿ ಅರವತ್ತರ ದಶಕದಲ್ಲಿ ಇಂಗ್ಲೆಂಡಿನಲ್ಲಿ ತಯಾರಿಸಿದ ಕಾಂಟಿನೆಂಟಲ್ ಜಿಟಿ ಹೆಸರನ್ನೇ 2013ರಲ್ಲಿ ನಮ್ಮ ದೇಶದಲ್ಲಿಯೂ ಮರಳಿ ತಂದಿತು. ಹಳೆಯ ಗಾಡಿಯಲ್ಲಿಯೇ ಏನಾದರೂ ಬದಲಿಸುವುದಾದರೆ, ಕಾನೂನು ಒಪ್ಪುವ ಮಿತಿಯಲ್ಲಿ, ಮತ್ತೆ ಮೊದಲಿನಂತೆ ಜೋಡಿಸಬಲ್ಲಷ್ಟನ್ನೇ ಬದಲಿಸಿರಿ. ತೆಗೆದ ಭಾಗಗಳನ್ನು ಗುಜರಿಗೆ ಹಾಕದೆ ಕಟ್ಟಿಡಿರಿ. ಶಿರಸ್ತ್ರಾಣವಿಲ್ಲದೆ ಗಾಡಿ ಏರಬೇಡಿರಿ. ಊರ ರಸ್ತೆ ಪಂದ್ಯದ ಕಣವಾಗಬಾರದು.

ಹಿರಿಯರಲ್ಲಿಯೂ ಒಂದು ಅರಿಕೆಯುಂಟು. ಮಗನ ಕೈಯ ಎಣ್ಣೆಯ ಕಲೆಯನ್ನು ಕಂಡು ಹೀಗಳೆಯಬೇಡಿರಿ. ಗಂಟೆಗಟ್ಟಲೆ ಸಣ್ಣ ತಿರುಪೊಂದರ ಮೇಲೆ ಚಿತ್ತವಿರಿಸಬಲ್ಲವನಲ್ಲಿ ಏಕಾಗ್ರತೆಯ ಬೀಜವಿದೆ. ಅಜ್ಜನಾದವರು ಒಂದು ಮಣೆ ಹಾಕಿಕೊಂಡು ಅವನ ಬಳಿ ಕುಳಿತು, ಆ ಗಾಡಿಯನ್ನು ಯಾವ ವರ್ಷ ಕೊಂಡದ್ದು, ಯಾವ ಜಾತ್ರೆಗೆ ಹೋದದ್ದು, ಯಾವ ಘಟ್ಟದಲ್ಲಿ ಕೈಕೊಟ್ಟದ್ದು ಎಂಬುದನ್ನು ಹೇಳಲಿ. ಯಂತ್ರದ ಇತಿಹಾಸ ತಿಳಿದ ಮೊಮ್ಮಗನ ಕೈ ಗರಗಸವನ್ನೆತ್ತುವ ಮೊದಲು ಎರಡು ಸಲ ಯೋಚಿಸುತ್ತದೆ. ನಮ್ಮ ಮನೆಗಳ ಹಿತ್ತಲುಗಳಲ್ಲಿ ಇಂಥ ಕಾಯಕ ಬೆಳೆಯಲಿ, ಅದಕ್ಕೆ ಹಿರಿಯರ ಅರಿವಿನ ಬೆಂಬಲವಿರಲಿ ಎಂದು ಹಾರೈಸುತ್ತೇವೆ.