ಉಪ್ಪಾಗೆ: ಹಣ್ಣು ಮಾಗಲಿ, ಮರ ಉಳಿಯಲಿ

ಶರಾವತಿ ನದಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಮತ್ತು ಸಾಗರ ತಾಲ್ಲೂಕುಗಳನ್ನು ಹಾದು, ಜೋಗದಲ್ಲಿ ಧುಮುಕಿ ಪಡುವಣ ಕಡಲನ್ನು ಸೇರುತ್ತದೆ. ಈ ಮೂರು ತಾಲ್ಲೂಕುಗಳ ಕಾನು, ಹಳ್ಳದ ದಂಡೆ ಹಾಗೂ ಸೊಪ್ಪಿನಬೆಟ್ಟಗಳಲ್ಲಿ ಯಾರೂ ನೆಡದೆ, ಯಾರೂ ನೀರೆರೆಯದೆ ಬೆಳೆದು ನಿಂತಿರುವ ಮರಗಳಲ್ಲಿ ಉಪ್ಪಾಗೆಯೂ ಒಂದು. ಮಳೆಗಾಲದಲ್ಲಿ ಗದ್ದೆ ನಾಟಿಯ ನಡುವೆ ಬಿಡುವು ಮಾಡಿಕೊಂಡು ಇದರ ಹಣ್ಣು ಹೆಕ್ಕಿ, ಸಿಪ್ಪೆ ಒಣಗಿಸಿ ಮಾರುವ ಮನೆಗಳು ನಮ್ಮಲ್ಲಿ ಹಲವು. ಸಿಪ್ಪೆಗೆ ಬೆಲೆ ಬಂದ ವರ್ಷ ಮನೆಗೆ ನಾಲ್ಕು ಕಾಸು ಬರುತ್ತದೆ. ಅದೇ ವರ್ಷ ಮರದ ಕೊಂಬೆಗೆ ಕತ್ತಿ ಏಟೂ ಬೀಳುತ್ತದೆ. ಈ ಎರಡರ ಲೆಕ್ಕವನ್ನು ಒಟ್ಟಿಗೆ ನೋಡುವುದು ಇಂದಿನ ಅಗತ್ಯ.

ಒಂದೇ ಕುಲದ ಹಲವು ಮರಗಳು

ಉಪ್ಪಾಗೆಯನ್ನು ಸಸ್ಯಶಾಸ್ತ್ರಜ್ಞರು ಗಾರ್ಸೀನಿಯ ಗಮ್ಮಿ-ಗುಟ್ಟ ಎಂದು ಕರೆಯುತ್ತಾರೆ. ಹಳೆಯ ಪುಸ್ತಕಗಳಲ್ಲಿಯೂ ವ್ಯಾಪಾರದಲ್ಲಿಯೂ ಗಾರ್ಸೀನಿಯ ಕ್ಯಾಂಬೋಜಿಯ ಎಂಬ ಹೆಸರೇ ಬಳಕೆಯಲ್ಲಿದೆ. ಶರಬತ್ತಿಗೆ ಹೆಸರಾದ ಮುರುಗಲು ಇದೇ ಕುಲದ ಇನ್ನೊಂದು ಮರ. ದಕ್ಷಿಣ ಕನ್ನಡದಲ್ಲಿ ಅದನ್ನೇ ಪುನರ್ಪುಳಿ ಎನ್ನುತ್ತಾರೆ. ಹಳದಿ ಹಣ್ಣಿನ ಜಾರಿಗೆ, ಹಳದಿ ಅಂಟು ಸುರಿಸುವ ಅರಿಶಿನಗುರಗಿ ಇವೂ ಈ ಕುಟುಂಬಕ್ಕೆ ಸೇರಿದವು. ಭಾರತದಲ್ಲಿ ಈ ಕುಲದ 30ಕ್ಕೂ ಹೆಚ್ಚು ಜಾತಿಗಳಿವೆ. ಅವುಗಳಲ್ಲಿ ಕೆಲವು ಪಶ್ಚಿಮ ಘಟ್ಟವನ್ನು ಬಿಟ್ಟರೆ ಪ್ರಪಂಚದ ಬೇರೆಲ್ಲಿಯೂ ಸಹಜವಾಗಿ ಬೆಳೆಯುವುದಿಲ್ಲ.

ಉಪ್ಪಾಗೆ ಹಣ್ಣು ಚಿಕ್ಕ ಸಿಹಿಗುಂಬಳದಂತೆ ಗೆರೆಬಿದ್ದು, ಮಾಗಿದಾಗ ಹಳದಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಎಲ್ಲ ಮರದ ಹಣ್ಣೂ ಒಂದೇ ಬಗೆಯದಲ್ಲ. ಒಂದು ಮರದ ಹಣ್ಣು ನಿಂಬೆಗಾತ್ರವಿದ್ದರೆ ಇನ್ನೊಂದರದು ಮುಷ್ಟಿಗಾತ್ರ. ಒಂದರ ಸಿಪ್ಪೆ ದಪ್ಪ, ಒಂದರದು ತೆಳು. ಒಂದು ಆಷಾಢಕ್ಕೇ ಹಣ್ಣಾದರೆ ಮತ್ತೊಂದು ಭಾದ್ರಪದದವರೆಗೆ ಕಾಯಿಸುತ್ತದೆ. ಮುರುಗಲಿನಲ್ಲಿಯೂ ಹೀಗೆಯೇ: ಕೆಂಪು ಹಣ್ಣಿನ ಮರಗಳು ಸಾಮಾನ್ಯ, ಬಿಳಿ ಮುರುಗಲು ಎಂದು ಕರೆಯುವ ಹಳದಿ ಹಣ್ಣಿನ ಮರಗಳು ಅಪರೂಪ. ಈ ವ್ಯತ್ಯಾಸವೇ ಸಂಶೋಧಕರಿಗೆ ಬೇಕಾದ ಸಂಪತ್ತು. ಹೆಚ್ಚು ಸಿಪ್ಪೆ ಕೊಡುವ ಮರ, ಬೇಗ ಹಣ್ಣಾಗುವ ಮರ, ರೋಗ ತಾಳುವ ಮರ ಎಂದು ಮುಂದೆ ತಳಿ ಆರಿಸಬೇಕಾದರೆ ಈ ಕಾಡುಮರಗಳಿಂದಲೇ ಆರಿಸಬೇಕು.

ಶಿರಸಿಯ ಅರಣ್ಯ ಮಹಾವಿದ್ಯಾಲಯದ ವಿಜ್ಞಾನಿಗಳು ಉಪ್ಪಾಗೆ ಮತ್ತು ಮುರುಗಲಿನ ಈ ವೈವಿಧ್ಯವನ್ನು ಕುರಿತು ಹಲವು ವರ್ಷಗಳಿಂದ ಕೆಲಸ ಮಾಡಿದ್ದಾರೆ. ಹಣ್ಣಿನ ಮರಗಳ ವೈವಿಧ್ಯವನ್ನು ಉಳಿಸಲು ಭಾರತ, ಇಂಡೊನೇಷ್ಯ, ಮಲೇಷ್ಯ ಮತ್ತು ಥಾಯ್ಲೆಂಡ್ ದೇಶಗಳಲ್ಲಿ 2009ರಿಂದ 2015ರವರೆಗೆ ನಡೆದ ಅಂತರರಾಷ್ಟ್ರೀಯ ಯೋಜನೆಯೊಂದರಲ್ಲಿ ಶಿರಸಿಯ ಸುತ್ತಲ ಹಳ್ಳಿಗಳೂ ಸೇರಿದ್ದವು. ವೈವಿಧ್ಯವನ್ನು ಉಳಿಸುವವರು ರೈತರೇ ಎಂಬುದು ಆ ಯೋಜನೆಯ ತಳಹದಿಯಾಗಿತ್ತು.

ಮೈಸೂರಿನಲ್ಲಿ ಕಂಡ ಹುಳಿ

ಉಪ್ಪಾಗೆ ಸಿಪ್ಪೆಯ ಹುಳಿ ನಮಗೆ ಹೊಸದಲ್ಲ. ಕೇರಳದಲ್ಲಿ ಇದನ್ನು ಕುಡಂಪುಳಿ ಎಂದು ಮೀನಿನ ಸಾರಿಗೆ ಹಾಕುತ್ತಾರೆ. ಕೊಡಗಿನಲ್ಲಿ ಇದರ ರಸವನ್ನು ಕುದಿಸಿ ಬತ್ತಿಸಿ ಕಪ್ಪಾದ ಕಾಚಂಪುಳಿ ಮಾಡುತ್ತಾರೆ. ಮಲೆನಾಡಿನಲ್ಲಿ ಬೀಜದಿಂದ ತುಪ್ಪ ತೆಗೆದು ಅಡಿಗೆಗೆ ಬಳಸುವ ರೂಢಿ ಇತ್ತು. ಆದರೆ ಈ ಹುಳಿಯಲ್ಲಿ ಮುಖ್ಯವಾಗಿ ಇರುವ ಆಮ್ಲ ಯಾವುದೆಂಬುದು ಗೊತ್ತಾದದ್ದು 1965ರಲ್ಲಿ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು ಅದು ಹೈಡ್ರಾಕ್ಸಿ ಸಿಟ್ರಿಕ್ ಆಮ್ಲವೆಂದು ತೋರಿಸಿಕೊಟ್ಟರು. ಒಣಸಿಪ್ಪೆಯಲ್ಲಿ ಇದು ಸುಮಾರು ಶೇಕಡಾ 10ರಿಂದ 30ರಷ್ಟು ಇರುತ್ತದೆ.

1969ರಲ್ಲಿ ಅಮೆರಿಕದ ವಿಜ್ಞಾನಿಗಳು ಇನ್ನೊಂದು ಸಂಗತಿಯನ್ನು ಪ್ರಕಟಿಸಿದರು. ನಾವು ಉಂಡ ಅನ್ನದಲ್ಲಿ ಖರ್ಚಾಗದೆ ಉಳಿದ ಭಾಗವನ್ನು ದೇಹವು ಕೊಬ್ಬಾಗಿ ಮಾರ್ಪಡಿಸುತ್ತದೆ. ಈ ಕೆಲಸಕ್ಕೆ ಬೇಕಾದ ಒಂದು ಕಿಣ್ವವನ್ನು ಉಪ್ಪಾಗೆಯ ಆಮ್ಲ ತಡೆಯುತ್ತದೆ ಎಂಬುದೇ ಆ ಸಂಗತಿ. ಮುಂದೆ ಇಲಿಗಳ ಮೇಲೆಯೂ ಪ್ರಯೋಗ ನಡೆಯಿತು. 1990ರ ದಶಕದ ಹೊತ್ತಿಗೆ ಮೈ ಇಳಿಸುವ ಮಾತ್ರೆಯಾಗಿ ಇದು ಹೊರದೇಶಗಳಲ್ಲಿ ಮಾರಾಟವಾಗತೊಡಗಿತು. ಕಾಡಿನ ಸಿಪ್ಪೆಗೆ ಹಠಾತ್ತನೆ ಬೆಲೆ ಬಂದ ಗುಟ್ಟು ಇದು.

ಔಷಧಿ ಗುಣ ಎಷ್ಟು ನಿಜ?

ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲಿಯೂ ಆಗಲೇಬೇಕೆಂದಿಲ್ಲ. 1998ರಲ್ಲಿ ಅಮೆರಿಕದಲ್ಲಿ 135 ಮಂದಿ ಸ್ಥೂಲಕಾಯರನ್ನು ಎರಡು ಗುಂಪು ಮಾಡಿ 12 ವಾರ ನಡೆಸಿದ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಉಪ್ಪಾಗೆಯ ಸಾರ ತಿಂದವರಿಗೂ ಬರಿಯ ಹುಸಿ ಮಾತ್ರೆ ತಿಂದವರಿಗೂ ತೂಕ ಇಳಿದುದರಲ್ಲಿ ಲೆಕ್ಕಕ್ಕೆ ಬರುವ ವ್ಯತ್ಯಾಸ ಕಾಣಲಿಲ್ಲ. ಆಮೇಲೆ, ಇಂತಹ ಮಾತ್ರೆ ನುಂಗಿದ ಕೆಲವರಲ್ಲಿ ಪಿತ್ತಜನಕಾಂಗಕ್ಕೆ ತೊಂದರೆಯಾದುದನ್ನೂ ವೈದ್ಯರು ದಾಖಲಿಸಿದ್ದಾರೆ. ಆದ್ದರಿಂದ ಮೈ ಕರಗುತ್ತದೆಂಬ ಆಸೆಯಿಂದ ಇದರ ಸಾರವನ್ನೋ ಮಾತ್ರೆಯನ್ನೋ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಸಾರು, ಗೊಜ್ಜುಗಳಿಗೆ ಹುಳಿಯಾಗಿ ಬಳಸುವ ಪ್ರಮಾಣವೇ ಬೇರೆ. ಅದಕ್ಕೂ ಈ ಸಾಂದ್ರ ಮಾತ್ರೆಗೂ ಹೋಲಿಕೆ ಸಲ್ಲದು.

ಹಳ್ಳಿಯ ಔಷಧಿಯಲ್ಲಿ ಈ ಮರಗಳಿಗೆ ತಮ್ಮದೇ ಸ್ಥಾನವಿದೆ. ಉಪ್ಪಾಗೆ ಸಿಪ್ಪೆಯ ಕಷಾಯವನ್ನು ವಾಯು ಮತ್ತು ಹೊಟ್ಟೆಯ ತೊಂದರೆಗೆ ಕೊಡುತ್ತಿದ್ದರು. ದನಗಳ ಬಾಯಿಹುಣ್ಣಿಗೆ ತೊಳೆಯಲು ಬಳಸುತ್ತಿದ್ದುದೂ ದಾಖಲಾಗಿದೆ. ಪಿತ್ತದ ಗಂಧೆ ಎದ್ದಾಗ ಮುರುಗಲಿನ ಶರಬತ್ತು, ಹಿಮ್ಮಡಿ ಒಡೆದಾಗ ಮುರುಗಲು ತುಪ್ಪ ಇಂದಿಗೂ ನಮ್ಮ ಮನೆಗಳ ಮದ್ದು. ಮುರುಗಲಿನ ಕೆಂಪು ಬಣ್ಣದ ವಸ್ತು ಮತ್ತು ಗಾರ್ಸಿನಾಲ್ ಎಂಬ ಅಂಶವನ್ನು ಪ್ರಯೋಗಶಾಲೆಗಳಲ್ಲಿ ಪರೀಕ್ಷಿಸಲಾಗುತ್ತಿದೆ. ಪ್ರಯೋಗಶಾಲೆಯ ಗಾಜಿನ ತಟ್ಟೆಯಿಂದ ರೋಗಿಯ ಕೈಗೆ ಔಷಧಿ ಬರುವ ದಾರಿ ದೂರವಿದೆ.

ಇದರಿಂದ ರೈತರು ತಿಳಿಯಬೇಕಾದುದು ಇಷ್ಟು. ಹೊರದೇಶದ ಮಾತ್ರೆಯನ್ನು ನಂಬಿದ ಬೆಲೆ ಏರುತ್ತದೆ, ಇಳಿಯುತ್ತದೆ. ಆ ಬೆಲೆಗಾಗಿ ಒಂದು ವರ್ಷದಲ್ಲಿ ಕಡಿದ ಕೊಂಬೆ ಮತ್ತೆ ಬೆಳೆದು ಹಣ್ಣು ಬಿಡಲು ಹಲವು ವರ್ಷ ಬೇಕು.

ಕಾಯಿ ಕೊಯ್ದರೆ ಆಗುವ ನಷ್ಟ

ಎಲ್ಲರಿಗೂ ಸೇರಿದ ಕಾಡಿನಲ್ಲಿ 'ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ' ಎಂಬ ಅವಸರ ಇದ್ದೇ ಇರುತ್ತದೆ. ಹಣ್ಣಾಗುವ ಮೊದಲೇ ಕಾಯಿ ಉದುರಿಸುವುದು, ಹತ್ತಲು ಕಷ್ಟವೆಂದು ಕೊಂಬೆಯನ್ನೇ ಕಡಿದು ಕೆಡವುವುದು ಈ ಅವಸರದ ಫಲ. ಎಳೆಯ ಕಾಯಿಯ ಸಿಪ್ಪೆ ಒಣಗಿದಾಗ ತೂಕ ಕಡಿಮೆ. ಅದರ ಬೀಜ ಬಲಿತಿರುವುದಿಲ್ಲವಾದ್ದರಿಂದ ತುಪ್ಪವೂ ಇಲ್ಲ, ಸಸಿಯೂ ಇಲ್ಲ.

ಈ ಹಣ್ಣನ್ನು ನಂಬಿದ ಬೇರೆ ಜೀವಿಗಳೂ ಇವೆ. ಶರಾವತಿ ಮತ್ತು ಅಘನಾಶಿನಿ ಕಣಿವೆಯ ಸಿಂಗಳೀಕಗಳ ಆಹಾರದಲ್ಲಿ ಉಪ್ಪಾಗೆಗೆ ಮುಖ್ಯ ಸ್ಥಾನವಿದೆಯೆಂದು ವನ್ಯಜೀವಿ ಸಂಶೋಧಕರು ತೋರಿಸಿದ್ದಾರೆ. ಸಿಂಗಳೀಕಕ್ಕಾಗಿಯೇ 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶವನ್ನೂ, 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವನ್ನೂ ಘೋಷಿಸಲಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ನದಿಯಂಚಿನ ಕಾಡು ಬಹಳಷ್ಟು ನೀರಿನಲ್ಲಿ ಮುಳುಗಿತು. ಉಳಿದುದನ್ನು ಕಳೆದುಕೊಳ್ಳುವ ಸ್ಥಿತಿಯಲ್ಲಿ ನಾವಿಲ್ಲ.

ಔಷಧಿಗಿಡ ಕಾಡಿನಿಂದ ಕಣ್ಮರೆಯಾಗುವ ಅಪಾಯ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದ ಹುಲ್ಲುಗಾವಲುಗಳಲ್ಲಿ ಎಕಿನೇಶಿಯ ಎಂಬ ಹೂಗಿಡವಿದೆ. ಅಲ್ಲಿನ ಮೂಲನಿವಾಸಿಗಳು ಹಲ್ಲುನೋವಿಗೂ ಹುಳ ಕಚ್ಚಿದ್ದಕ್ಕೂ ಬಳಸುತ್ತಿದ್ದ ಇದರ ಬೇರಿಗೆ ಇಂದು ದೊಡ್ಡ ಮಾರುಕಟ್ಟೆಯಿದೆ. ಇದರದೇ ಕುಲದ, ಟೆನೆಸ್ಸೀ ಪ್ರಾಂತ್ಯಕ್ಕೆ ಮಾತ್ರ ಸೀಮಿತವಾದ ಒಂದು ಜಾತಿಯು ನೆಲೆ ಕಳೆದುಕೊಂಡು ಅಳಿವಿನ ಅಂಚಿಗೆ ಬಂದಿತ್ತು. 1979ರಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ಕೊಟ್ಟು, ಅದು ಬೆಳೆಯುವ ನೆಲವನ್ನು ಕಾದಿರಿಸಿ, ಹೊಸ ಜಾಗಗಳಲ್ಲಿಯೂ ಬೆಳೆಸಲಾಯಿತು. 2011ರಲ್ಲಿ ಅದನ್ನು ಅಪಾಯದ ಪಟ್ಟಿಯಿಂದ ತೆಗೆಯಲಾಯಿತು. ಮನಸ್ಸು ಮಾಡಿದರೆ ಮರಳಿ ತರಬಹುದು ಎಂಬುದಕ್ಕೆ ಇದು ಸಾಕ್ಷಿ. ಆದರೆ ಅದಕ್ಕೆ 32 ವರ್ಷ ಬೇಕಾಯಿತು.

ರೈತರು ಮಾಡಬಹುದಾದ ಕೆಲಸ

ಕೊಯ್ಲು: ಹಣ್ಣು ಹಳದಿಯಾಗುವವರೆಗೆ ಕಾಯಬೇಕು. ಬಿದ್ದ ಹಣ್ಣನ್ನು ದಿನವೂ ಹೆಕ್ಕಬೇಕು, ಉಳಿದುದನ್ನು ದೋಟಿಯಿಂದ ಕೊಯ್ಯಬೇಕು. ಕೊಂಬೆ ಕಡಿಯಲೇಬಾರದು. ಪ್ರತಿ ಮರದಲ್ಲಿಯೂ ಒಂದಷ್ಟು ಹಣ್ಣನ್ನು ಪ್ರಾಣಿಗಳಿಗೂ ಬೀಜಕ್ಕೂ ಬಿಡುವುದು ವಾಡಿಕೆಯಾಗಬೇಕು. ಕಾಡಿನಲ್ಲಿ ಕೊಯ್ಯುವವರು ಅರಣ್ಯ ಇಲಾಖೆಯ ನಿಯಮ ತಿಳಿದುಕೊಂಡು, ಊರಿನವರೆಲ್ಲ ಕೂಡಿ ಕೊಯ್ಲಿನ ದಿನವನ್ನು ಗೊತ್ತುಮಾಡಿಕೊಂಡರೆ ಅವಸರಕ್ಕೆ ಎಡೆಯಿರುವುದಿಲ್ಲ.

ಒಣಗಿಸುವುದು: ಉಪ್ಪಾಗೆ ಹಣ್ಣಾಗುವುದು ಬಿಸಿಲೇ ಇಲ್ಲದ ಕಾಲದಲ್ಲಿ. ಆದ್ದರಿಂದ ಸಿಪ್ಪೆಯನ್ನು ಬೆಂಕಿಯ ಮೇಲಿನ ಅಟ್ಟದಲ್ಲಿ ಒಣಗಿಸುತ್ತಾರೆ. ತೆರೆದ ಒಲೆ ರಾಶಿ ಸೌದೆ ನುಂಗುತ್ತದೆ; ಒಂದು ಮರದ ಹಣ್ಣಿಗಾಗಿ ಇನ್ನೊಂದು ಮರ ಉರಿದಂತಾಗುತ್ತದೆ. ಅಡಿಕೆ ಒಣಗಿಸುವ ಡ್ರೈಯರ್ ಇರುವವರು ಅದು ಖಾಲಿ ಇರುವ ಮಳೆಗಾಲದಲ್ಲಿ ಇದಕ್ಕೆ ಉಪಯೋಗಿಸಬಹುದು. ಇಲ್ಲದವರು ನಾಲ್ಕು ಮನೆ ಸೇರಿ ಒಂದು ಮುಚ್ಚಿದ ಒಲೆ ಕಟ್ಟಿಕೊಂಡರೆ ಸೌದೆ ಉಳಿಯುತ್ತದೆ. ಹುಳಿಯು ಕಬ್ಬಿಣವನ್ನು ತಿನ್ನುವುದರಿಂದ ಸಿಪ್ಪೆಯನ್ನು ಬಿದಿರಿನ ತಟ್ಟಿಯ ಮೇಲೆ ಹರಡುವುದು ಒಳ್ಳೆಯದು. ಮನೆಬಳಕೆಗೆ ಇಡುವುದಾದರೆ ಒಣಸಿಪ್ಪೆಗೆ ಉಪ್ಪು ಮತ್ತು ಸ್ವಲ್ಪ ಕೊಬ್ಬರಿ ಎಣ್ಣೆ ಸವರಿಡಬಹುದು.

ಸಸಿ ಮಾಡುವುದು: ಉಪ್ಪಾಗೆಯ ಬೀಜ ಮೊಳೆಯಲು 5ರಿಂದ 7 ತಿಂಗಳು ಹಿಡಿಯುತ್ತದೆ. ತಿರುಳು ತೊಳೆದು, ನೆರಳಿನಲ್ಲಿ ಆರಿಸಿ, ಬೀಜದ ಹೊರಸಿಪ್ಪೆಯನ್ನು ಒಳಗಿನ ತಿರುಳಿಗೆ ಗಾಯವಾಗದಂತೆ ಬಿಡಿಸಿ ಹಾಕಿದರೆ ಬೇಗ ಮೊಳೆಯುತ್ತದೆ. ಬೀಜದ ಗಿಡ ಹಣ್ಣು ಕೊಡಲು 10ರಿಂದ 12 ವರ್ಷ ಬೇಕು. ಅವುಗಳಲ್ಲಿ ಅರ್ಧಕ್ಕರ್ಧ ಗಂಡು ಮರಗಳಾಗುತ್ತವೆ.

ಕಸಿ ಗಿಡಗಳಲ್ಲಿ ಈ ತೊಡಕಿಲ್ಲ. ಎಳೆಯ ಕಾಂಡಕ್ಕೆ ಮಾಡಿದ ಮೃದುಕಾಂಡ ಕಸಿ ಮೂರು ನಾಲ್ಕು ವರ್ಷಕ್ಕೆ ಹೂ ಬಿಡತೊಡಗುತ್ತದೆ. ಕಸಿಕಡ್ಡಿಯನ್ನು ನೆಟ್ಟಗೆ ಮೇಲಕ್ಕೆ ಬೆಳೆಯುವ ಚಿಗುರಿನಿಂದಲೇ ತೆಗೆಯಬೇಕು. ಪಕ್ಕದ ರೆಂಬೆಯಿಂದ ತೆಗೆದ ಕಡ್ಡಿಯ ಗಿಡ ಎತ್ತರಕ್ಕೆ ಏರದೆ ಪೊದೆಯಂತೆ ಹರಡಿಕೊಳ್ಳುತ್ತದೆ. ಕಸಿ ಗಿಡಗಳಿಗೆ 4 ಮೀಟರ್, ಬೀಜದ ಗಿಡಗಳಿಗೆ 7 ಮೀಟರ್ ಅಂತರ ಸಾಕು. ಬೇಲಿಯ ಸಾಲು, ತೋಟದ ಅಂಚು, ಸೊಪ್ಪಿನಬೆಟ್ಟದ ತೆರಪುಗಳು ಇದಕ್ಕೆ ತಕ್ಕ ಜಾಗ.

ಗಂಡು ಮರವೂ ಇರಲಿ

ಹೂ ಬಿಟ್ಟರೂ ಕಾಯಿ ಕಟ್ಟದ ಮರವನ್ನು ದಂಡವೆಂದು ಕಡಿದು ಸೌದೆ ಮಾಡುವವರಿದ್ದಾರೆ. ಅದು ಗಂಡು ಮರ. ಅದರ ಪರಾಗ ಸಿಗದಿದ್ದರೆ ಸುತ್ತಲಿನ ಹೆಣ್ಣು ಮರಗಳ ಫಸಲು ಕುಗ್ಗಬಹುದು. ಬೆಟ್ಟದಲ್ಲಿ ಅಲ್ಲಲ್ಲಿ ಗಂಡು ಮರ ಉಳಿಸಿಕೊಳ್ಳಲೇಬೇಕು.

ಕಸಿಯ ವಿಷಯದಲ್ಲಿಯೂ ಒಂದು ಎಚ್ಚರಿಕೆ ಬೇಕು. ಒಳ್ಳೆಯ ಮರವೆಂದು ಊರೆಲ್ಲ ಒಂದೇ ಮರದ ಕಡ್ಡಿಯಿಂದ ಕಸಿ ಮಾಡಿದರೆ, ಆ ಮರಕ್ಕೆ ತಗಲುವ ರೋಗ ಊರಿನ ಎಲ್ಲ ಗಿಡಕ್ಕೂ ತಗಲೀತು. ನಾಲ್ಕೈದು ಬೇರೆ ಬೇರೆ ತಾಯಿಮರಗಳಿಂದ ಕಡ್ಡಿ ತೆಗೆದು ನೆಡುವುದು, ನಡುವೆ ಕೆಲವು ಬೀಜದ ಗಿಡಗಳನ್ನೂ ಇಡುವುದು ಜಾಣತನ. ಕಸಿ ಮಾಡುವ ವಿಧಾನವನ್ನು ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿರುವ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಅಥವಾ ತಾಲ್ಲೂಕು ತೋಟಗಾರಿಕೆ ಕಚೇರಿಯಲ್ಲಿ ವಿಚಾರಿಸಬಹುದು.

ಊರಿನ ವಿಶೇಷ ಮರಗಳನ್ನು ಬರೆದಿಡುವುದಕ್ಕೂ ಈಗ ದಾರಿಯಿದೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸಮಿತಿ ರಚಿಸಿ, ಜನತಾ ಜೀವವೈವಿಧ್ಯ ದಾಖಲೆ ತಯಾರಿಸಬೇಕು. ಯಾವ ಬೆಟ್ಟದ ಯಾವ ಮರ ಎಂತಹ ಹಣ್ಣು ಬಿಡುತ್ತದೆ, ಯಾವಾಗ ಮಾಗುತ್ತದೆ ಎಂಬುದು ಹಿರಿಯರಿಗೆ ಬಾಯಿಪಾಠವಾಗಿರುತ್ತದೆ. ಅದು ಅವರೊಂದಿಗೇ ಹೋಗುವ ಮೊದಲು ದಾಖಲೆಗೆ ಸೇರಬೇಕು. ವಾಚನಾಲಯದಲ್ಲಿ ಈ ಪುಟ ಓದುವ ತರುಣರು ಈ ಮಳೆಗಾಲದಲ್ಲಿ ತಮ್ಮ ಊರಿನ ಹತ್ತು ಉಪ್ಪಾಗೆ ಮರಗಳನ್ನು ನೋಡಿ, ಗುರುತು ಹಾಕಿ, ಹಣ್ಣಿನ ಗಾತ್ರ, ಬಣ್ಣ, ಮಾಗುವ ತಿಂಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೂ ಸಾಕು. ಸಂಶೋಧನೆಯ ಮೊದಲ ಹೆಜ್ಜೆ ಅದೇ.